ರೂಕಿ ಕಾಂಟ್ರಾಕ್ಟ್: ಹೊಸಬ ಅಗ್ಗ, ಹಳಬ ದುಬಾರಿ

2014ರ ಫೆಬ್ರವರಿ 2. ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್ಬಾಲ್ ಲೀಗಿನ ಫೈನಲ್, ನಡೆಯುತ್ತಿತ್ತು. ಡೆನ್ವರ್ ಬ್ರಾಂಕೋಸ್ ತಂಡದ ಪೇಟನ್ ಮ್ಯಾನಿಂಗ್ ಚೆಂಡು ಎಸೆಯಲು ಕೈ ಎತ್ತಿದರು. ಅಷ್ಟರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡದ ಕ್ಲಿಫ್ ಏವ್ರಿಲ್ ನುಗ್ಗಿ ಬಂದು ಆ ಕೈಗೇ ಹೊಡೆದರು. ಚೆಂಡು ಗುರಿ ತಪ್ಪಿ ಗಾಳಿಯಲ್ಲಿ ತೇಲಿತು. ಸಿಯಾಟಲ್‌ನ ಮಾಲ್ಕಮ್ ಸ್ಮಿತ್ ಅದನ್ನು ಹಿಡಿದವರೇ 69 ಗಜ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. ಕೊನೆಗೆ ಸಿಯಾಟಲ್ 43, ಡೆನ್ವರ್ 8.

ಈಗ ಸಂಬಳದ ಲೆಕ್ಕ ನೋಡೋಣ. ಆ ಸೀಸನ್‌ನಲ್ಲಿ ಮ್ಯಾನಿಂಗ್ ಅವರದು ಡೆನ್ವರ್ ಖಾತೆಯಲ್ಲಿ 1.75 ಕೋಟಿ ಡಾಲರ್. ಸಿಯಾಟಲ್‌ನ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರದು ಸುಮಾರು 6.8 ಲಕ್ಷ ಡಾಲರ್. ಇಬ್ಬರದೂ ಒಂದೇ ಕೆಲಸ, ಚೆಂಡು ಎಸೆಯುವುದು. ಒಬ್ಬ ಮ್ಯಾನಿಂಗ್ ದುಡ್ಡಿನಲ್ಲಿ 25 ಜನ ವಿಲ್ಸನ್ ಬರುತ್ತಿದ್ದರು. ಆ ಉಳಿತಾಯದ ದುಡ್ಡಿನಿಂದಲೇ ಸಿಯಾಟಲ್ ಬೇರೆ ತಂಡಗಳಲ್ಲಿ ಪಳಗಿದ್ದ ಏವ್ರಿಲ್ ಮತ್ತು ಮೈಕಲ್ ಬೆನೆಟ್ ಅವರನ್ನು ಆ ವರ್ಷ ತಂದುಕೊಂಡಿತ್ತು. ಚೆಂಡು ಹಿಡಿದು ಓಡಿದ ಸ್ಮಿತ್ ಅವರೋ, ಹೊಸಬರನ್ನು ಆರಿಸುವ ಡ್ರಾಫ್ಟ್‌ನ ಏಳನೇ, ಅಂದರೆ ಕೊನೆಯ ಸುತ್ತಿನಲ್ಲಿ ಸಿಕ್ಕ ಅಗ್ಗದ ಹುಡುಗ.

ಈ ಲೆಕ್ಕದ ಹೆಸರೇ ರೂಕಿ ಕಾಂಟ್ರಾಕ್ಟ್.

ಮೊದಲು ಒಂದು ಮಾತು. ಇಲ್ಲಿ ಫುಟ್ಬಾಲ್ ಅಂದರೆ ಮೆಸ್ಸಿ ಆಡುವುದಲ್ಲ. ಕೈಯಲ್ಲಿ ಎಸೆದು, ಎದೆಗೆ ಅವುಚಿಕೊಂಡು ಓಡುವ ಅಮೆರಿಕನ್ ಫುಟ್ಬಾಲ್. ಅದರ ವೃತ್ತಿಪರ ಲೀಗ್ ಎನ್‌ಎಫ್‌ಎಲ್, ತಂಡಗಳು 32. ಚೆಂಡು ಎಸೆದು ಆಟ ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಅವನದೇ ದೊಡ್ಡ ಸಂಬಳ, ಸೋತರೆ ಬೈಗುಳವೂ ಅವನಿಗೇ ಜಾಸ್ತಿ.

ರೂಕಿ ಅಂದರೆ ಮೊದಲ ವರ್ಷದ ಹೊಸಬ. ಕಾಲೇಜು ಆಟ ಮುಗಿಸಿದ ಹುಡುಗರನ್ನು ತಂಡಗಳು ವರ್ಷಕ್ಕೊಮ್ಮೆ ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಹಾಗೆ ಆಯ್ಕೆಯಾದ ಹುಡುಗ ಸಹಿ ಹಾಕುವುದು ನಾಲ್ಕು ವರ್ಷದ ಒಪ್ಪಂದಕ್ಕೆ. ದುಡ್ಡೆಷ್ಟು ಅನ್ನುವುದು ಅವನ ಪ್ರತಿಭೆಗಿಂತ ಅವನು ಎಷ್ಟನೆಯವನಾಗಿ ಬಂದ ಅನ್ನುವುದರ ಮೇಲೆ ನಿಂತಿದೆ. 2024ರಲ್ಲಿ ಮೊದಲನೆಯವರಾಗಿ ಬಂದ ಕೇಲೆಬ್ ವಿಲಿಯಮ್ಸ್ ಅವರಿಗೆ ನಾಲ್ಕು ವರ್ಷಕ್ಕೆ ಸುಮಾರು 3.95 ಕೋಟಿ ಡಾಲರ್. ಹನ್ನೆರಡನೆಯವರಾಗಿ ಬಂದ ಬೋ ನಿಕ್ಸ್ ಅವರಿಗೆ ಸುಮಾರು 1.86 ಕೋಟಿ. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳೇ. ಮೊತ್ತದ ಚೌಕಾಸಿಗೆ ಹೆಚ್ಚು ಜಾಗವಿಲ್ಲ. ಹೆಚ್ಚೂಕಡಿಮೆ ಸರ್ಕಾರಿ ನೌಕರಿಯ ವೇತನ ಶ್ರೇಣಿ ಇದ್ದ ಹಾಗೆ.

ಇನ್ನೂ ಎರಡು ಗಂಟುಗಳಿವೆ. ಮೂರು ಸೀಸನ್ ಮುಗಿಯುವವರೆಗೆ ಒಪ್ಪಂದವನ್ನು ತಿದ್ದುವಂತಿಲ್ಲ, ಹುಡುಗ ಲೀಗಿಗೇ ಶ್ರೇಷ್ಠ ಆಟಗಾರನಾದರೂ ಅಷ್ಟೇ. ಮೊದಲ ಸುತ್ತಿನಲ್ಲಿ ಬಂದವನಾದರೆ ಐದನೇ ವರ್ಷವೂ ಅವನನ್ನು ಇಟ್ಟುಕೊಳ್ಳುವ ಹಕ್ಕು ತಂಡದ್ದು. ಅದನ್ನು ಅವನ ಮೂರನೇ ಸೀಸನ್ ಆದ ಮೇಲೆ ಬರುವ ಮೇ ತಿಂಗಳ ಶುರುವಿನೊಳಗೆ ಹೇಳಬೇಕು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ನೇರವಾಗಿ ತಂಡ ಸೇರಿದವರಿಗೆ ಮಾತ್ರ ಮೂರು ವರ್ಷ.

ಮೊದಲು ಹೀಗಿರಲಿಲ್ಲ. 2007ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಜಮಾರ್ಕಸ್ ರಸೆಲ್ ಸಂಬಳ ಕುದುರುವವರೆಗೆ, ಅಂದರೆ ಸೆಪ್ಟೆಂಬರ್‌ವರೆಗೆ, ಓಕ್ಲೆಂಡ್ ತಂಡದ ಮೈದಾನಕ್ಕೇ ಇಳಿಯಲಿಲ್ಲ. ಖಾತ್ರಿ ದುಡ್ಡೇ 3 ಕೋಟಿ ಡಾಲರ್ ದಾಟಿತ್ತು. ಮೂರು ಸೀಸನ್ ಆಡಿಸಿ 2010ರಲ್ಲಿ ತಂಡ ಅವರನ್ನು ಕೈಬಿಟ್ಟಿತು. ಅದೇ ವರ್ಷ ಸ್ಯಾಮ್ ಬ್ರಾಡ್‌ಫರ್ಡ್ ಒಂದೂ ಪಂದ್ಯ ಆಡುವ ಮೊದಲೇ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಹತ್ತು ವರ್ಷ ಮೂಳೆ ಮುರಿದುಕೊಂಡು ಆಡಿದವರಿಗೆ ಹೊಟ್ಟೆ ಉರಿಯದೆ ಇರುತ್ತಾ?

ಉರಿಯಿತು. 2011ರಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಜಗಳವಾಗಿ ಮಾರ್ಚ್‌ನಿಂದ ಜುಲೈವರೆಗೆ ಲೀಗ್ ಬೀಗ ಹಾಕಿಕೊಂಡಿತ್ತು. ರಾಜಿಯಾದಾಗ ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷದ ಮೊದಲನೆಯವರಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದಲ್ಲಿ ವರ್ಷದ ಲೆಕ್ಕ 1.3 ಕೋಟಿಯಿಂದ 55 ಲಕ್ಷಕ್ಕೆ ಇಳಿಯಿತು. ಮಾಲೀಕರಂತೂ ಖುಷಿ. ಹಳಬರೂ ಒಪ್ಪಿದರು. ಹುಡುಗರಿಗೆ ಸುಮ್ನೆ ಸುರಿಯುವ ದುಡ್ಡು ತಮ್ಮ ಕಡೆ ಬರಲಿ ಅನ್ನುವುದು ಅವರ ಆಸೆ. ಇನ್ನೂ ಕಾಲೇಜಿನಲ್ಲಿ ಆಡುತ್ತಿದ್ದ ಹುಡುಗರಿಗೆ ಆ ಒಪ್ಪಂದದಲ್ಲಿ ಮತವಿರಲಿಲ್ಲ. ಊಟಕ್ಕೆ ಬಾರದವನ ಎಲೆಯಿಂದ ಹೋಳಿಗೆ ತೆಗೆಯುವುದು ಸುಲಭ ನೋಡಿ.

ಆದರೆ ತೆಗೆದ ಹೋಳಿಗೆ ಎಲ್ಲ ಹಳಬರ ಎಲೆಗೂ ಬೀಳಲಿಲ್ಲ. ಯಾಕೆ ಅಂತ ತಿಳಿಯಲು ಇನ್ನೊಂದು ಪದ ಬೇಕು: ಸ್ಯಾಲರಿ ಕ್ಯಾಪ್. ಪ್ರತಿ ತಂಡವೂ ಒಂದು ವರ್ಷಕ್ಕೆ ಸಂಬಳದ ಲೆಕ್ಕದಲ್ಲಿ ಇಷ್ಟೇ ತೋರಿಸಬಹುದು ಅನ್ನುವ ಗೆರೆ ಅದು. 2024ರಲ್ಲಿ ಅದು 25.54 ಕೋಟಿ ಡಾಲರ್ ಇತ್ತು. ಅದರೊಳಗೇ 53 ಜನರ ತಂಡ ಆಗಬೇಕು. ದೊಡ್ಡ ಸ್ಟಾರ್‌ಗಳಿಗೆ ಕೊಟ್ಟು ಉಳಿದಿದ್ದರಲ್ಲಿ ಮಿಕ್ಕವರು. ಉದಾಹರಣೆಗೆ, 30 ವರ್ಷದ ಒಬ್ಬ ನುರಿತ ಆಟಗಾರ 40 ಲಕ್ಷ ಕೇಳುತ್ತಾನೆ ಅಂದುಕೊಳ್ಳಿ. ಮೂರನೇ ಸುತ್ತಿನ ಹುಡುಗ ಅವನ ಮುಕ್ಕಾಲು ಪಾಲು ಕೆಲಸವನ್ನು 10 ಲಕ್ಷಕ್ಕೆ ಮಾಡುತ್ತಾನೆ. ಮ್ಯಾನೇಜರ್ ಯಾರನ್ನು ಇಟ್ಟುಕೊಳ್ಳುತ್ತಾನೆ? ಹೊಸಬನನ್ನು ಅಗ್ಗ ಮಾಡಿದ ಮಧ್ಯಮ ದರ್ಜೆಯ ಹಳಬ, ಅದೇ ಅಗ್ಗದ ಹೊಸಬನಿಗೆ ತನ್ನ ಜಾಗ ಬಿಟ್ಟುಕೊಡಬೇಕಾಯಿತು. ತಾನೇ ತೋಡಿದ ಗುಂಡಿ.

ಹಳಬ ಅಂದರೆ ತಲೆ ನರೆತವನೂ ಅಲ್ಲ. ವೆಟರನ್ ಅಂದಾಗ ನಮ್ಮ ಕಿವಿಗೆ ಹಿರಿಯ ನಟ, ಹಿರಿಯ ನಾಯಕ ಅನ್ನುವ ಹಾಗೆ ಕೇಳುತ್ತದೆ. ಈ ಲೀಗಿನಲ್ಲಿ ನಾಲ್ಕು ಸೀಸನ್ ಲೆಕ್ಕಕ್ಕೆ ಬಂದರೆ ಸಾಕು, 26ನೇ ವಯಸ್ಸಿಗೇ ವೆಟರನ್. ವರ್ಷ ಹೆಚ್ಚಾದಂತೆ ಕನಿಷ್ಠ ಸಂಬಳವೂ ಏರುತ್ತದೆ. 2024ರಲ್ಲಿ ಹೊಸಬನಿಗೆ ಕನಿಷ್ಠ 7.95 ಲಕ್ಷ, ಏಳು ವರ್ಷ ದಾಟಿದವನಿಗೆ 12.1 ಲಕ್ಷ. ಇದರಿಂದ ಹಳಬರಿಗೆ ಕೆಲಸವೇ ಸಿಗದೆ ಹೋದೀತು ಅಂತ ಲೀಗ್ ಒಂದು ರಿಯಾಯಿತಿ ಇಟ್ಟಿದೆ. ಆ ವರ್ಷ ಕನಿಷ್ಠ ಸಂಬಳಕ್ಕೆ ಬರುವ ಹಳಬನ ಕೈಗೆ 12.1 ಲಕ್ಷ ಕೊಟ್ಟರೂ ಕ್ಯಾಪ್ ಲೆಕ್ಕದಲ್ಲಿ 9.85 ಲಕ್ಷ ಅಂತ ಬರೆದುಕೊಳ್ಳಬಹುದಿತ್ತು. ಗುಂಡಿಗೆ ಬಿದ್ದವರಿಗೆ ಇಳಿಬಿಟ್ಟ ಹಗ್ಗ, ಅದೂ ಗಿಡ್ಡ.

ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಮೈಸೂರಿನವನು. ಒಂದು ಭಾನುವಾರ ಅವನ ಮನೆಯಲ್ಲಿ ಪಂದ್ಯ ನೋಡುತ್ತಾ ಕೂತಿದ್ದೆವು. "ವಿಲ್ಸನ್‌ನ ಬಿಟ್ಟಿದ್ದು ತಪ್ಪು ಕಣೋ, ಕಪ್ ತಂದುಕೊಟ್ಟವನು" ಅಂದ ಒಬ್ಬ. "ಕಪ್ ತಂದಾಗ ಅವನ ಸಂಬಳ ಎಷ್ಟಿತ್ತು ಹೇಳು" ಅಂದ ಇನ್ನೊಬ್ಬ. ಅವಲಕ್ಕಿ ತಣ್ಣಗಾದರೂ ವಾದ ಮುಗಿಯಲಿಲ್ಲ. ನನಗನ್ನಿಸುವುದು, ಇಬ್ಬರೂ ವ್ಯಾಲ್ಯೂ ಅನ್ನುವ ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತಿದ್ದರು. ಒಬ್ಬನಿಗೆ ವ್ಯಾಲ್ಯೂ ಅಂದರೆ ಆಟಗಾರ ಎಷ್ಟು ಚೆನ್ನಾಗಿ ಆಡುತ್ತಾನೆ ಅನ್ನುವುದು. ಇನ್ನೊಬ್ಬನಿಗೆ ಆಡಿದ್ದರಲ್ಲಿ ಕೊಟ್ಟಿದ್ದನ್ನು ಕಳೆದು ಉಳಿದದ್ದು. ಎನ್‌ಎಫ್‌ಎಲ್ ಅಭಿಮಾನಿಗಳ ಅರ್ಧ ಜಗಳ ಇಲ್ಲಿಂದಲೇ ಹುಟ್ಟುತ್ತದೆ. "ಅವನು ರೂಕಿ ಡೀಲ್ ಮೇಲಿದ್ದಾನೆ" ಅನ್ನುವ ಮಾತು ಬಂದರೆ ಅದು ಎರಡನೇ ಅರ್ಥ ಅಂತ ತಿಳಿಯಿರಿ.

ವಿಲ್ಸನ್ ಅವರ ಕಥೆಯನ್ನೇ ಪೂರ್ತಿ ನೋಡಬೇಕು, ಯಾಕೆಂದರೆ ಅವರು ಈ ಲೆಕ್ಕದ ಎರಡೂ ದಡ ಕಂಡವರು. 2012ರಲ್ಲಿ ಅವರು ಬಂದಾಗ ಸಿಯಾಟಲ್ ಆಗಷ್ಟೇ ಮ್ಯಾಟ್ ಫ್ಲಿನ್ ಎಂಬ ಕ್ವಾರ್ಟರ್‌ಬ್ಯಾಕ್‌ಗೆ ದೊಡ್ಡ ಒಪ್ಪಂದ ಕೊಟ್ಟಿತ್ತು. ಮೂರನೇ ಸುತ್ತಿನಲ್ಲಿ 75ನೆಯವರಾಗಿ ಬಂದ ವಿಲ್ಸನ್, ನಾಲ್ಕು ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್‌ನ ಹುಡುಗ, ಫ್ಲಿನ್ ಅವರನ್ನು ಬೆಂಚಿಗೆ ಕೂರಿಸಿದರು. 2015ರಲ್ಲಿ ಅವರಿಗೆ ನಾಲ್ಕು ವರ್ಷಕ್ಕೆ 8.76 ಕೋಟಿಯ ಹೊಸ ಒಪ್ಪಂದವಾಯಿತು. ಅದಾದ ಮೇಲೆ ಅವರಿದ್ದ ತಂಡ ಸೂಪರ್ ಬೌಲ್‌ವರೆಗೆ ಹೋಗಲೇ ಇಲ್ಲ. ಅವರ ಆಟ ಕೆಟ್ಟಿತು ಅಂತಲ್ಲ, ಸುತ್ತ ಏವ್ರಿಲ್‌ನಂಥವರನ್ನು ತರುವ ದುಡ್ಡು ಕರಗುತ್ತಾ ಹೋಯಿತು.

2022ರಲ್ಲಿ ಡೆನ್ವರ್ ಅವರನ್ನು ತರಿಸಿಕೊಂಡಿತು. ಸಿಯಾಟಲ್‌ಗೆ ಕೊಟ್ಟಿದ್ದು ಡ್ರಾಫ್ಟ್‌ನ ಮೊದಲ ಸುತ್ತಿನ ಎರಡು ಸರದಿ, ಎರಡನೇ ಸುತ್ತಿನ ಎರಡು, ಜೊತೆಗೆ ಮೂವರು ಆಟಗಾರರು ಮತ್ತು ಇನ್ನಷ್ಟು. ಅವರು ಡೆನ್ವರ್ ಪರ ಒಂದು ಪಂದ್ಯವನ್ನೂ ಆಡುವ ಮೊದಲೇ ಐದು ವರ್ಷಕ್ಕೆ ಸುಮಾರು 24.3 ಕೋಟಿ ಡಾಲರ್‌ನ ಹೊಸ ಒಪ್ಪಂದ ಬೇರೆ. ಎರಡೇ ಸೀಸನ್. 2024ರ ಮಾರ್ಚ್‌ನಲ್ಲಿ ತಂಡ ಅವರನ್ನು ಬಿಟ್ಟುಬಿಟ್ಟಿತು. ಆಡದ ಆಟಗಾರನ ಹೆಸರಲ್ಲಿ ಎರಡು ವರ್ಷದ ಕ್ಯಾಪ್‌ನಲ್ಲಿ 8.5 ಕೋಟಿ ಡಾಲರ್ ಬರೆದುಕೊಳ್ಳಬೇಕಾಯಿತು. ಇದಕ್ಕೆ ಅಭಿಮಾನಿಗಳು ಡೆಡ್ ಮನಿ ಅನ್ನುತ್ತಾರೆ. ಮಾರಿದ ಎಮ್ಮೆಗೆ ಹುಲ್ಲು ಹಾಕುತ್ತಲೇ ಇರುವುದು.

ತಮಾಷೆ ಇರುವುದು ಮುಂದೆ. ಪಿಟ್ಸ್‌ಬರ್ಗ್ ತಂಡ ಅದೇ ವಿಲ್ಸನ್ ಅವರನ್ನು ಕನಿಷ್ಠ ಸಂಬಳ 12.1 ಲಕ್ಷಕ್ಕೆ ಕರೆದುಕೊಂಡಿತು. ಮಿಕ್ಕ ದುಡ್ಡು ಡೆನ್ವರ್ ಕೊಡುತ್ತಿತ್ತಲ್ಲ, ಹಾಗಾಗಿ ಅವರಿಗೆ ನಷ್ಟವಿಲ್ಲ. ಒಬ್ಬನೇ ಮನುಷ್ಯ, ಒಂದೇ ವರ್ಷ. ಒಂದು ತಂಡಕ್ಕೆ ಬೆನ್ನು ಮುರಿಯುವ ಹೊರೆ, ಇನ್ನೊಂದಕ್ಕೆ ಕಡ್ಲೆಪುರಿ ಬೆಲೆ. ಅಷ್ಟೆಲ್ಲ ಡೆಡ್ ಮನಿ ಹೊತ್ತುಕೊಂಡೂ ಡೆನ್ವರ್ ಆ ಸೀಸನ್‌ನಲ್ಲಿ 10 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಒಂಬತ್ತು ವರ್ಷದಲ್ಲಿ ಅದೇ ಮೊದಲು. ಹೇಗೆ ಸಾಧ್ಯವಾಯಿತು? ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಬೋ ನಿಕ್ಸ್ ಇದ್ದರು. ಮೇಲೆ ಹೇಳಿದ 1.86 ಕೋಟಿಯ ಹುಡುಗ, ಅದೂ ನಾಲ್ಕು ವರ್ಷಕ್ಕೆ.

ಹಾಗಂತ ಹಳಬರನ್ನೆಲ್ಲ ಬಿಟ್ಟು ಹುಡುಗರನ್ನು ತುಂಬಿಕೊಂಡರೆ ಆಯಿತು ಅನ್ನುವ ವಾದವೂ ನಿಲ್ಲುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 43ನೇ ವಯಸ್ಸಿನಲ್ಲಿ ಟ್ಯಾಂಪಾ ಬೇ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟರು. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಮೊದಲ ಕಪ್ ಗೆದ್ದಿದ್ದು ರೂಕಿ ಒಪ್ಪಂದದಲ್ಲಿದ್ದಾಗ, ನಿಜ. ದೊಡ್ಡ ಸಂಬಳ ಶುರುವಾದ ಮೇಲೂ ಇನ್ನೆರಡು ಗೆದ್ದರು. ಅಷ್ಟು ಸಂಬಳಕ್ಕೆ ಅಷ್ಟೇ ಆಡುವವರು ಬೆರಳೆಣಿಕೆ ಜನ, ಅದೇ ತೊಂದರೆ. ತಂಡಗಳು ಎರಡನೇ ದರ್ಜೆಯವನಿಗೂ ಮಹೋಮ್ಸ್ ಬೆಲೆ ಕೊಟ್ಟು ಕೈ ಸುಟ್ಟುಕೊಳ್ಳುತ್ತವೆ.

ಈ ವ್ಯವಸ್ಥೆಯಲ್ಲಿ ನನಗೆ ನಿಜಕ್ಕೂ ಅನ್ಯಾಯ ಅನ್ನಿಸುವುದು ರನ್ನಿಂಗ್ ಬ್ಯಾಕ್‌ಗಳ ವಿಷಯದಲ್ಲಿ. ಚೆಂಡು ಅವುಚಿಕೊಂಡು ಗೋಡೆಯಂಥ ಜನರ ಮೇಲೆ ನುಗ್ಗುವವರು ಅವರು. ದೇಹ ಬೇಗ ಸವೆಯುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ವರ್ಷ ಅಗ್ಗದಲ್ಲಿ ದುಡಿದರೂ ಮುಂದೆ ಹತ್ತು ವರ್ಷ ಇರುತ್ತದೆ. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಹುಡುಗ ಬ್ರಾಕ್ ಪರ್ಡಿ 8.7 ಲಕ್ಷ ಸಂಬಳದ ವರ್ಷ ಸೂಪರ್ ಬೌಲ್‌ವರೆಗೆ ಹೋದರು. 2025ರಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಪಡೆದರು. ಕಾದಿದ್ದಕ್ಕೆ ಫಲ ಸಿಕ್ಕಿತು. ರನ್ನಿಂಗ್ ಬ್ಯಾಕ್‌ಗೆ ಹಾಗಲ್ಲ. ಅವನ ಒಳ್ಳೆಯ ವರ್ಷಗಳೇ ರೂಕಿ ವರ್ಷಗಳು. ಒಪ್ಪಂದ ಮುಗಿದು ಸಂತೆಗೆ ಬರುವ ಹೊತ್ತಿಗೆ "ಮಂಡಿ ಹೇಗಿದೆ?" ಅಂತ ಕೇಳುತ್ತಾರೆ.

ಸೇಕ್ವಾನ್ ಬಾರ್ಕ್ಲಿ ಅವರನ್ನೇ ನೋಡಿ. 2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅವರನ್ನು ಎರಡನೆಯವರಾಗಿ ಆರಿಸಿತು. ನಾಲ್ಕು ವರ್ಷ ರೂಕಿ ಸಂಬಳ. ಐದನೇ ವರ್ಷ ತಂಡದ ಹಕ್ಕು, 72 ಲಕ್ಷ. ಆರನೇ ವರ್ಷಕ್ಕೆ ಫ್ರಾಂಚೈಸ್ ಟ್ಯಾಗ್ ಹಾಕಿದರು, ಸುಮಾರು 1.01 ಕೋಟಿ. ತಂಡ ತನಗೆ ಬೇಕಾದ ಒಬ್ಬ ಆಟಗಾರನನ್ನು ನಿಗದಿತ ಸಂಬಳಕ್ಕೆ ಇನ್ನೊಂದು ವರ್ಷ ಕಟ್ಟಿಹಾಕುವ ದಾರಿ ಈ ಟ್ಯಾಗ್. ಆರು ವರ್ಷ ಅವರು ತಮ್ಮಿಷ್ಟಕ್ಕೆ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮೂರು ವರ್ಷಕ್ಕೆ 3.775 ಕೋಟಿ ಕೊಟ್ಟಿತು. ಓಡುವವನಿಗೆ ಅಷ್ಟು ಯಾಕೆ ಅಂದವರು ಬಹಳ ಜನ. ಆ ಸೀಸನ್‌ನಲ್ಲಿ ಅವರು 2,005 ಗಜ ಓಡಿದರು.

2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಈಗಲ್ಸ್ ತಂಡ ಸೂಪರ್ ಬೌಲ್ ಗೆದ್ದಿತು, 40-22. ಅವತ್ತು ಬಾರ್ಕ್ಲಿ ಅವರಿಗೆ 28 ತುಂಬಿದ ದಿನ. ಅವರದೇ ತಂಡದ ಕೂಪರ್ ಡೀಜೀನ್ ಎಂಬ ಹೊಸಬನಿಗೂ ಅವತ್ತೇ ಹುಟ್ಟುಹಬ್ಬ, 22ನೆಯದು. ಡೀಜೀನ್ ಎದುರಾಳಿಯ ಎಸೆತ ಕಸಿದು 38 ಗಜ ಓಡಿ ಟಚ್‌ಡೌನ್ ಮಾಡಿದರು. ಹಳಬನೋ ಹೊಸಬನೋ ಅನ್ನುವ ಚರ್ಚೆಗೆ ಬಾಯಿ ಹಾಕುವ ಮೊದಲು ನಾನು ಈ ಎರಡು ಹುಟ್ಟುಹಬ್ಬಗಳನ್ನು ನೆನೆಯುತ್ತೇನೆ. ಹುಡುಗ ಅಗ್ಗಕ್ಕೆ ಸಿಕ್ಕಿದ್ದರಿಂದಲೇ ಬಾರ್ಕ್ಲಿಗೆ ಕೊಡಲು ದುಡ್ಡು ಉಳಿಯುವುದು ಅಲ್ವಾ?

ಐಪಿಎಲ್ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಹರಾಜು, ಸರದಿ ಅಲ್ಲ. ನಮ್ಮ ಕೃಷ್ಣಪ್ಪ ಗೌತಮ್ ಭಾರತ ತಂಡಕ್ಕೆ ಆಡುವ ಮೊದಲೇ 2021ರಲ್ಲಿ 9.25 ಕೋಟಿ ರೂಪಾಯಿಗೆ ಹೋದರು, ಆ ಸೀಸನ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ. 2025ರಲ್ಲಿ ಧೋನಿ ಅವರು 4 ಕೋಟಿಗೆ ಉಳಿದುಕೊಂಡರು. ಐದು ವರ್ಷದಿಂದ ಅಂತರರಾಷ್ಟ್ರೀಯ ಪಂದ್ಯ ಆಡದ ಭಾರತೀಯರನ್ನು ದೇಶಕ್ಕೇ ಆಡದವರ ಪಟ್ಟಿಗೆ ಸೇರಿಸುವ ನಿಯಮ ಮತ್ತೆ ಬಂದಿತ್ತಲ್ಲ, ಅದರ ಮಹಿಮೆ. ಅಮೆರಿಕದಲ್ಲಿ ನಿಯಮ ಹೊಸಬನನ್ನು ಅಗ್ಗ ಮಾಡಿತು, ಇಲ್ಲಿ ಹಳಬನನ್ನು.

ವಿಲ್ಸನ್ ಅವರನ್ನು ಪಿಟ್ಸ್‌ಬರ್ಗ್‌ನಲ್ಲಿ ಬಿಟ್ಟು ಬಂದಿದ್ದೆವು. 2025ರಲ್ಲಿ ಅವರು ನ್ಯೂಯಾರ್ಕ್ ಜೈಂಟ್ಸ್ ಸೇರಿದರು, ಒಂದು ವರ್ಷದ ಒಪ್ಪಂದ. ಅದೇ ವರ್ಷ ಜೈಂಟ್ಸ್ ಮೊದಲ ಸುತ್ತಿನಲ್ಲಿ 25ನೆಯವರಾಗಿ ಜ್ಯಾಕ್ಸನ್ ಡಾರ್ಟ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನೂ ಆರಿಸಿತು. ಮೊದಲ ಮೂರೂ ಪಂದ್ಯ ಸೋತ ಮೇಲೆ ವಿಲ್ಸನ್ ಅವರನ್ನು ಬೆಂಚಿಗೆ ಕೂರಿಸಿದರು. ಸೆಪ್ಟೆಂಬರ್ 28ರಂದು ಡಾರ್ಟ್ ಮೊದಲ ಸಲ ಪಂದ್ಯ ಶುರು ಮಾಡಿದರು. ಜೈಂಟ್ಸ್ ಗೆದ್ದಿತು, 21-18. ನಡೆದಿದ್ದು ಮೆಟ್‌ಲೈಫ್ ಸ್ಟೇಡಿಯಂನಲ್ಲೇ. ಡಾರ್ಟ್ ಅವರ ಐದನೇ ವರ್ಷದ ಬಗ್ಗೆ ತಂಡ ತೀರ್ಮಾನ ಹೇಳಬೇಕಾದದ್ದು 2028ರ ಮೇ ತಿಂಗಳ ಶುರುವಿನೊಳಗೆ.