ಲಾಂಚರ್ ಓಪನ್ ಆಗ್ತಿಲ್ಲ, ಫಾರ್ಮ್ಯಾಟ್ ಮಾಡಿಸಿಬಿಡ್ಲಾ?

ಪ್ರಶ್ನೆ: ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದೆ. ಮಗ ಗೇಮ್ ಆಡಲು ಲಾಂಚರ್ ಹಾಕಿಕೊಂಡಿದ್ದ. ಇಷ್ಟು ದಿನ ಚೆನ್ನಾಗಿಯೇ ಇತ್ತು. ಈಗ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಂದು ಕ್ಷಣ ಸುತ್ತುತ್ತದೆ, ಆಮೇಲೆ ಏನೂ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ ಫಾರ್ಮ್ಯಾಟ್ ಮಾಡಿಸಿ ಅನ್ನುತ್ತಾರೆ. ಮಾಡಿಸಬಹುದಾ ಸರ್?

ಉತ್ತರ: ಬೇಡ. ಇನ್ನೂ ಮಾಡಿಸಿಲ್ಲ ಅಂದರೆ ಸ್ವಲ್ಪ ತಡೆಯಿರಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ರಾಜಾಜಿನಗರದಿಂದ ಬರುತ್ತದೆ, ಕೆ.ಆರ್. ಪುರದಿಂದ ಬರುತ್ತದೆ, ಕೆಂಗೇರಿಯಿಂದ ಬರುತ್ತದೆ. ಲಾಂಚರ್ ಹೆಸರು ಬದಲಾಗುತ್ತದೆ, ಕಂಪ್ಯೂಟರ್ ಬದಲಾಗುತ್ತದೆ. ಕೊನೆಯ ಸಾಲು ಮಾತ್ರ ಅದೇ: ಫಾರ್ಮ್ಯಾಟ್ ಮಾಡಿಸಲಾ? ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ. ಅರ್ಧ ಓದಿ ಅಂಗಡಿಗೆ ಓಡಬೇಡಿ.

ಲಾಂಚರ್ ಬೇರೆ, ಗೇಮ್ ಬೇರೆ. ಗೇಮ್ ಕೊಳ್ಳಲು, ಇಳಿಸಿಕೊಳ್ಳಲು, ಅಪ್‌ಡೇಟ್ ಮಾಡಲು, ಲಾಗಿನ್ ಆಗಲು ಇರುವ ಪ್ರತ್ಯೇಕ ಪ್ರೋಗ್ರಾಂ ಲಾಂಚರ್. 2003ರಲ್ಲಿ ಸ್ಟೀಮ್ ಎಂಬ ಲಾಂಚರ್ ಬಂದಾಗ ಅದು ಪುಟ್ಟದಾಗಿತ್ತು. ಈಗ ಅದರ ಹೊಟ್ಟೆಯೊಳಗೆ ಒಂದು ಇಡೀ ಬ್ರೌಸರ್ ಕೂತಿದೆ. ನಮ್ಮ ಕ್ರೋಮ್‌ಗೆ ಬುನಾದಿಯಾದ ಕ್ರೋಮಿಯಂ ಇದೆಯಲ್ಲ, ಅದೇ. ನೀವು ನೋಡುವ ಸ್ಟೋರ್ ಪುಟ, ಗೇಮ್‌ಗಳ ಪಟ್ಟಿ, ಲಾಗಿನ್ ಕಿಟಕಿ ಎಲ್ಲ ಅದರ ಕೆಲಸ. ಎಪಿಕ್ ಲಾಂಚರ್‌ನದೂ ಹೆಚ್ಚುಕಮ್ಮಿ ಇದೇ ಕತೆ. ಹಾಗಾಗಿ ಮಗ ಆಡುವ ಗೇಮ್ 2010ರದ್ದೇ ಇರಬಹುದು, ಅದಕ್ಕೆ 2 ಜಿಬಿ ರ್‍ಯಾಮ್ ಸಾಕಾಗಬಹುದು. ಅದನ್ನು ತೆರೆಯಬೇಕಾದ ಲಾಂಚರ್ ಮಾತ್ರ ಇವತ್ತಿನದು. 'ಹೋದ ವರ್ಷ ಓಡ್ತಿತ್ತಲ್ಲ ಸರ್' ಅನ್ನುವವರಿಗೂ ಇದೇ ಉತ್ತರ. ನೀವೇನೂ ಮುಟ್ಟಿಲ್ಲ, ನಿಜ. ಲಾಂಚರ್ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗಿದೆ.

ಈಗ ನಿಮ್ಮ ವಿಂಡೋಸ್ ಯಾವುದು ಅಂತ ನೋಡಿ. ಪ್ರಶ್ನೆ ಕಳಿಸುವವರು ಯಾರೂ ಇದನ್ನು ಬರೆಯುವುದಿಲ್ಲ. ಗೋಡೆ ಬಣ್ಣ ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತಾರೆ. ಡೆಸ್ಕ್‌ಟಾಪ್‌ನಲ್ಲಿರುವ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿ. ಯಾವ ವಿಂಡೋಸ್, 32 ಬಿಟ್ಟೋ 64 ಬಿಟ್ಟೋ ಎರಡೂ ಅಲ್ಲೇ ಕಾಣುತ್ತವೆ.

ವಿಂಡೋಸ್ 7, 8 ಅಥವಾ 8.1 ಇದ್ದರೆ ನಿಮ್ಮ ಕಾರಣ ಬಹುಶಃ ಇಲ್ಲಿಯೇ ಸಿಕ್ಕಿತು. ಗೂಗಲ್ 2023ರ ಫೆಬ್ರವರಿಯಲ್ಲಿ ಕ್ರೋಮ್ 110 ಬಿಟ್ಟಾಗ ಅದು ಓಡಲು ವಿಂಡೋಸ್ 10 ಬೇಕೇ ಬೇಕು ಅಂತಾಯಿತು. ಹಳೆಯ ವಿಂಡೋಸ್‌ಗೆ ಕ್ರೋಮ್ 109 ಕೊನೆ. ಒಳಗಿನ ಬ್ರೌಸರ್ ಕೈಬಿಟ್ಟ ಮೇಲೆ ಲಾಂಚರ್ ಎಷ್ಟು ದಿನ ನಿಂತೀತು? 2024ರ ಜನವರಿ 1ರಿಂದ ಸ್ಟೀಮ್ ಕೂಡ ಈ ಮೂರಕ್ಕೂ ಬೆಂಬಲ ನಿಲ್ಲಿಸಿತು. ವಿಂಡೋಸ್ 10 ಇದ್ದರೂ ಅದು 32 ಬಿಟ್ ಆಗಿದ್ದರೆ 2026ರ ಜನವರಿ 1ರಿಂದ ಅದೂ ಪಟ್ಟಿಯಿಂದ ಹೊರಗೆ. ನಗರದಲ್ಲಿ ಆಫೀಸುಗಳು ಕೈಬಿಟ್ಟ ಹಳೆಯ ಡೆಸ್ಕ್‌ಟಾಪ್‌ಗಳು ಮನೆ ಸೇರುವುದು ಜಾಸ್ತಿ, ಅವುಗಳಲ್ಲಿ 32 ಬಿಟ್ ವಿಂಡೋಸ್ ಹಾಕಿರುವುದುಂಟು. ಪ್ರೊಸೆಸರ್ ಸಾಮಾನ್ಯವಾಗಿ 64 ಬಿಟ್ಟೇ ಆಗಿರುತ್ತದೆ. ಹಾಕಿದವರು ಹಳೆಯ ಇನ್‌ಸ್ಟಾಲ್ ಡಿಸ್ಕ್ ಬಳಸಿರುತ್ತಾರೆ, ಅಷ್ಟೇ.

ಈಗ ಫಾರ್ಮ್ಯಾಟ್ ವಿಷಯಕ್ಕೆ ಬರೋಣ.

ನಮ್ಮೂರಲ್ಲಿ ಕಂಪ್ಯೂಟರ್‌ಗೆ ಏನೇ ಆಗಲಿ, ಔಷಧಿ ಒಂದೇ. ನಿಧಾನ ಆಯಿತಾ, ಫಾರ್ಮ್ಯಾಟ್. ಪ್ರಿಂಟರ್ ಬರ್ತಿಲ್ವಾ, ಫಾರ್ಮ್ಯಾಟ್. ಲಾಂಚರ್ ತೆರೆಯುತ್ತಿಲ್ವಾ, ಅದಕ್ಕೂ ಫಾರ್ಮ್ಯಾಟ್. ಫಾರ್ಮ್ಯಾಟ್ ನಿಜವಾಗಿ ಮಾಡುವುದೇನು? ಡಿಸ್ಕಿನಲ್ಲಿರುವುದನ್ನು ಒರೆಸಿ ವಿಂಡೋಸನ್ನು ಮತ್ತೆ ಹಾಕುತ್ತದೆ. ವಿಂಡೋಸ್ 7 ಇದ್ದ ಯಂತ್ರಕ್ಕೆ ವಿಂಡೋಸ್ 7 ಅನ್ನೇ ಮತ್ತೆ ಹಾಕಿಸಿದರೆ ಲಾಂಚರ್‌ಗೆ ಬೇಕಾದ್ದು ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಮಧ್ಯದಲ್ಲಿ ನಿಮ್ಮ ಫೋಟೋ ಹೋಯಿತು, ಮಗನ ಪ್ರಾಜೆಕ್ಟ್ ಹೋಯಿತು, ದುಡ್ಡೂ ಹೋಯಿತು.

ಇಷ್ಟು ಹೇಳಿದ ಮೇಲೆ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ. 'ಇಲ್ಲ ಸರ್, ನಮ್ಮನೇಲಿ ಫಾರ್ಮ್ಯಾಟ್ ಮಾಡಿಸಿದ ಮೇಲೆ ಸರಿಹೋಯ್ತು.' ಆಮೇಲೆ ಮೆಲ್ಲಗೆ ಸೇರಿಸುತ್ತಾರೆ: 'ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕತೆ.' ಈ ಎರಡು ದಿನದ ಗುಟ್ಟು ಗೊತ್ತಾದರೆ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಯಾಕೆ ಬೇರೂರಿದೆ ಅಂತಲೂ ಗೊತ್ತಾಗುತ್ತದೆ.

ಮದರ್‌ಬೋರ್ಡ್ ಮೇಲೆ ನಾಣ್ಯದ ಆಕಾರದ ಒಂದು ಸೆಲ್ ಇರುತ್ತದೆ. ಸಿಆರ್ 2032 ಅಂತ ಕೇಳಿದರೆ ಕೈಗಡಿಯಾರ ರಿಪೇರಿ ಮಾಡುವವರ ಹತ್ತಿರವೂ ಸಿಗುತ್ತದೆ. ಕಂಪ್ಯೂಟರ್‌ಗೆ ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರ ನಡೆಸುವುದು ಇದರ ಕೆಲಸ. ಕೆಲವು ವರ್ಷ ಬಾಳುತ್ತದೆ, ಆಮೇಲೆ ಸಾಯುತ್ತದೆ. ಸತ್ತ ಮೇಲೆ ಕಂಪ್ಯೂಟರ್ ಪ್ಲಗ್‌ನಲ್ಲಿ ಇರುವವರೆಗೂ ಏನೂ ಗೊತ್ತಾಗುವುದಿಲ್ಲ. ಶಟ್‌ಡೌನ್ ಮಾಡಿದರೂ ಒಳಗೆ ಸ್ವಲ್ಪ ಕರೆಂಟ್ ಹರಿಯುತ್ತಿರುತ್ತದೆ, ಗಡಿಯಾರ ನಡೆಯುತ್ತಿರುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿದಿರೋ, ಬೋರ್ಡಿನವರು ಕರೆಂಟ್ ತೆಗೆದರೋ, ಆಗ ದಿನಾಂಕ ಸೀದಾ 2009ಕ್ಕೋ 2012ಕ್ಕೋ ಹಾರುತ್ತದೆ. ಮದರ್‌ಬೋರ್ಡ್ ತಯಾರಿಸಿದವರು ಯಾವ ದಿನಾಂಕ ಬರೆದಿಟ್ಟಿದ್ದಾರೋ ಆ ದಿನಕ್ಕೆ.

ಅದಕ್ಕೂ ಲಾಂಚರ್‌ಗೂ ಏನು ಸಂಬಂಧ? ಲಾಂಚರ್ ತನ್ನ ಸರ್ವರ್ ಜೊತೆ ಮಾತಾಡುವ ಮುಂಚೆ ಸರ್ವರ್ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರ ಮೇಲೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಅಂತ ಬರೆದಿರುತ್ತದೆ. ನಿಮ್ಮ ಕಂಪ್ಯೂಟರ್ ಪ್ರಕಾರ ಇದು 2009. ಈ ಪ್ರಮಾಣಪತ್ರದ ದಿನ ಇನ್ನೂ ಬಂದೇ ಇಲ್ಲ, ಯಾರೋ ಮೋಸಗಾರ ಅಂದುಕೊಂಡು ಸಂಪರ್ಕ ಕತ್ತರಿಸುತ್ತದೆ. ಕ್ರೋಮ್ ಆದರೆ ನಿಮ್ಮ ಗಡಿಯಾರ ಹಿಂದಿದೆ ಅಂತ ಬಾಯಿಬಿಟ್ಟು ಹೇಳುತ್ತದೆ. ಲಾಂಚರ್‌ಗಳಿಗೆ ಆ ಸೌಜನ್ಯ ಇಲ್ಲ. ನೆಟ್‌ವರ್ಕ್ ಇಲ್ಲ ಅಂತ ಸುಳ್ಳು ಹೇಳುತ್ತವೆ, ಇಲ್ಲವೇ ಮಾತೇ ಆಡದೆ ಮುಚ್ಚಿಕೊಳ್ಳುತ್ತವೆ.

ಈಗ ಅಂಗಡಿಯಲ್ಲಿ ಏನಾಗುತ್ತದೆ ನೋಡಿ. ವಿಂಡೋಸ್ ಹೊಸದಾಗಿ ಹಾಕುವಾಗ ಆ ಹುಡುಗ ದಿನಾಂಕ, ಸಮಯ ಸರಿಮಾಡುತ್ತಾನೆ. ಅಲ್ಲೇ ನಿಮ್ಮೆದುರಿಗೇ ಲಾಂಚರ್ ಓಪನ್ ಆಗುತ್ತದೆ. ಕೆಲಸ ಮಾಡಿದ್ದು ದಿನಾಂಕ, ಹೆಸರು ಬಂದಿದ್ದು ಫಾರ್ಮ್ಯಾಟ್‌ಗೆ. ಮನೆಗೆ ತಂದ ಮೇಲೆ ಶುರುವಿನಲ್ಲಿ ಎಫ್1 ಒತ್ತಿ ಅನ್ನುವ ಸಂದೇಶ ಬಂದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಒತ್ತುತ್ತೀರಿ, ದಿನಾಂಕ ಸರಿಪಡಿಸುತ್ತೀರಿ, ಆಟ ನಡೆಯುತ್ತದೆ. ಒಂದು ರಾತ್ರಿ ಮನೆಯವರು ಮಲಗುವ ಮುಂಚೆ ಸ್ವಿಚ್ ಆಫ್ ಮಾಡುತ್ತಾರೆ, ಬೆಳಗ್ಗೆ ದಿನಾಂಕ ನೋಡುವುದನ್ನು ಮರೆಯುತ್ತೀರಿ. ಅಲ್ಲಿಗೆ ಎರಡು ದಿನ ಮುಗಿಯಿತು. ಗೋಡೆ ಗಡಿಯಾರದ ಸೆಲ್ ಹೋಗಿದೆ ಅಂತ ಇಡೀ ಮನೆಗೆ ಸುಣ್ಣ ಹೊಡೆಸಿದ ಹಾಗಾಯಿತು ಇದು.

ದಿನಾ ಎಫ್1 ಒತ್ತಿಕೊಂಡು ವರ್ಷಗಟ್ಟಲೆ ಸಂಸಾರ ಮಾಡುವ ಮನೆಗಳಿವೆ. ಆ ಸಂದೇಶವನ್ನು ಒಂದು ಸಲ ಓದಿ. ಸೀಮಾಸ್ (CMOS) ಬಗ್ಗೆಯೋ ದಿನಾಂಕ, ಸಮಯದ ಬಗ್ಗೆಯೋ ಬರೆದಿದ್ದರೆ ಹೊಸ ಸೆಲ್ ತನ್ನಿ. ಕಂಪ್ಯೂಟರ್ ಪ್ಲಗ್ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿ, ಹಳೆಯದನ್ನು ತೆಗೆದು, ಬರಹ ಇರುವ ಮುಖ ಮೇಲೆ ಬರುವಂತೆ ಕೂರಿಸಿ. ನೂರು ರೂಪಾಯಿಯೊಳಗೆ ಮುಗಿಯುವ ಕೆಲಸ.

ದಿನಾಂಕ ಸರಿಪಡಿಸುವಾಗ ಒಂದು ತೊಡಕು ಇದೆ. ವಿಂಡೋಸ್ ಇಂಟರ್ನೆಟ್‌ನಿಂದ ಸಮಯ ತಿದ್ದಿಕೊಳ್ಳುತ್ತದೆ ಅಲ್ವಾ ಅಂತ ಕೇಳುತ್ತೀರಿ. ತಿದ್ದಿಕೊಳ್ಳುತ್ತದೆ, ವ್ಯತ್ಯಾಸ ಕಮ್ಮಿ ಇದ್ದರೆ. ಮನೆಯ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ 15 ಗಂಟೆಗಿಂತ ಜಾಸ್ತಿ ಅಂತರ ಇದ್ದರೆ ಅದು ಮುಟ್ಟುವುದೇ ಇಲ್ಲ. ಆದ್ದರಿಂದ ಮೊದಲು ಇಸವಿ, ತಿಂಗಳು, ತಾರೀಕು ನೀವೇ ಕೈಯಾರೆ ಹಾಕಿ. ಟೈಮ್ ಝೋನ್ ಭಾರತದ್ದೇ ಇದೆಯಾ ನೋಡಿ. ಫಾರ್ಮ್ಯಾಟ್ ಮಾಡಿಸಿದ ಎಷ್ಟೋ ಯಂತ್ರಗಳಲ್ಲಿ ಅದು ಅಮೆರಿಕದ್ದೇ ಉಳಿದಿರುತ್ತದೆ, ಮನೆಯವರು ಗಡಿಯಾರದ ಮುಳ್ಳು ಮಾತ್ರ ತಿರುಗಿಸಿಕೊಂಡಿರುತ್ತಾರೆ. ಆಮೇಲೆ ಸಿಂಕ್ ಒತ್ತಿ.

ಫಾರ್ಮ್ಯಾಟ್‌ನಿಂದ ಪರಿಸ್ಥಿತಿ ಕೆಡುವುದೂ ಉಂಟು. ಕೆಲವು ಕಡೆ ಹಾಕಿಕೊಡುವುದು ಯಾರೋ ಅಲ್ಲಲ್ಲಿ ಕತ್ತರಿಸಿ 'ಲೈಟ್' ಅಂತ ಹೆಸರಿಟ್ಟ ವಿಂಡೋಸ್. ವೇಗ ಇರಲಿ ಅಂತ ಅಪ್‌ಡೇಟ್ ಆಫ್ ಮಾಡಿರುತ್ತಾರೆ, ಬೇಡ ಅನ್ನಿಸಿದ ಭಾಗಗಳನ್ನು ಕಿತ್ತಿರುತ್ತಾರೆ. ಆ ಕಿತ್ತ ಭಾಗಗಳಲ್ಲೇ ಒಂದು ಲಾಂಚರ್‌ಗೆ ಬೇಕಾಗಿರುತ್ತದೆ. ಹೊಸ ವಿಂಡೋಸ್ ಹಾಕಿಸಿದ ದಿನವೇ ಏನೂ ಓಡದ ಯಂತ್ರಗಳನ್ನು ನೋಡಿ ನೋಡಿ ಸಾಕಾಗಿದೆ.

ಹಾಗಾದರೆ ಫಾರ್ಮ್ಯಾಟ್ ಯಾವತ್ತೂ ಬೇಡವೇ? ಬೇಕಾಗುವ ಸಂದರ್ಭ ಇದೆ. 32 ಬಿಟ್ ವಿಂಡೋಸ್‌ನಿಂದ 64 ಬಿಟ್‌ಗೆ ಹೋಗಲು ಹೊಸದಾಗಿಯೇ ಹಾಕಬೇಕು, ಇದ್ದುದರ ಮೇಲೆ ಅಪ್‌ಗ್ರೇಡ್ ಆಗುವುದಿಲ್ಲ. ಡಿಸ್ಕ್ ಬದಲಾಯಿಸಿದಾಗಲೂ ಹೊಸದಾಗಿ ಹಾಕಿಸುವವರು ಇದ್ದಾರೆ, ತಪ್ಪಿಲ್ಲ. ಅಂಗಡಿಗೆ ಹೋದರೆ 'ಫಾರ್ಮ್ಯಾಟ್ ಮಾಡಿ' ಅನ್ನಬೇಡಿ. 'ವಿಂಡೋಸ್ 10, 64 ಬಿಟ್, ಒರಿಜಿನಲ್ ಹಾಕಿ, ಮೊದಲು ಡೇಟಾ ತೆಗೆದಿಡಿ' ಅನ್ನಿ. ಎರಡೂ ಒಂದೇ ಅಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದೂ ಗೊತ್ತಿರಲಿ. ಗೇಮ್‌ಗೆ ಪರವಾಗಿಲ್ಲ. ಆ ಯಂತ್ರದಲ್ಲಿ ಬ್ಯಾಂಕ್ ಕೆಲಸ ಮಾತ್ರ ಇಟ್ಟುಕೊಳ್ಳಬೇಡಿ.

ವಿಂಡೋಸ್ ಸರಿ ಇದೆ, ದಿನಾಂಕ ಸರಿ ಇದೆ, ಆದರೂ ತೆರೆಯುತ್ತಿಲ್ಲ ಅಂದರೆ ಮಿಕ್ಕ ಕಾರಣಗಳು ಸಣ್ಣವು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ. ಲಾಂಚರ್ ತೆರೆಮರೆಯಲ್ಲಿ ಓಡುತ್ತಲೇ ಇದ್ದು ಕಿಟಕಿ ಮಾತ್ರ ಬಂದಿಲ್ಲದೆ ಇರಬಹುದು. ಎಂಡ್ ಟಾಸ್ಕ್ ಕೊಟ್ಟು ಮತ್ತೆ ತೆರೆಯಿರಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಒಂದು ಸಲ ಕ್ಲಿಕ್ ಮಾಡಿ ಕಾಯಿರಿ. ಹತ್ತು ಸಲ ಒತ್ತಿದರೆ ಅದು ಇನ್ನಷ್ಟು ಗೊಂದಲಕ್ಕೆ ಬೀಳುತ್ತದೆ. ಕಿಟಕಿ ಬಂದು ಒಳಗೆಲ್ಲ ಕಪ್ಪಗಿದ್ದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಿ, ಯಂತ್ರದ ಕಂಪನಿಯ ಸೈಟ್‌ನಿಂದಲೇ ಹೊಸದು ಹಾಕಿ. ಆ್ಯಂಟಿವೈರಸ್ ಕೆಲವೊಮ್ಮೆ ಲಾಂಚರ್‌ನ ಒಂದು ಫೈಲನ್ನು ಕಳ್ಳ ಅಂತ ಹಿಡಿದಿಟ್ಟಿರುತ್ತದೆ, ಅದರ ಕ್ವಾರಂಟೀನ್ ಪಟ್ಟಿ ನೋಡಿ.

ಪ್ರೋಗ್ರಾಂಗೆ ಬೇಕಾದ ಯಾವುದೋ ಡಿಎಲ್‌ಎಲ್ (DLL) ಫೈಲ್ ಸಿಗುತ್ತಿಲ್ಲ ಅಂತ ಸಂದೇಶ ಬಂದರೆ ಆ ಫೈಲ್ ಹೆಸರನ್ನು ಹುಡುಕಿ ಕಂಡಕಂಡ ಸೈಟ್‌ನಿಂದ ಇಳಿಸಬೇಡಿ. ವೈರಸ್ ಮನೆಗೆ ಕರೆಯುವ ಸುಲಭ ದಾರಿ ಅದು. ಹೆಚ್ಚಿನ ಸಲ ಬೇಕಾಗಿರುವುದು ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ಪ್ಯಾಕೇಜ್. ಅವರ ಸೈಟ್‌ನಿಂದಲೇ 32, 64 ಎರಡನ್ನೂ ಹಾಕಿ. ಇನ್ನೊಂದು ವಿಚಾರ, ಬೇಜಾರು ಮಾಡಿಕೊಳ್ಳಬೇಡಿ: ವಿಂಡೋಸ್‌ನ ಯೂಸರ್ ಹೆಸರನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಕೆಲವು ಹಳೆಯ ಗೇಮ್‌ಗಳು ಕೈಕೊಡುತ್ತವೆ, ಫೋಲ್ಡರ್ ಹೆಸರು ಓದಲು ಅವಕ್ಕೆ ಬರುವುದಿಲ್ಲ. ತಪ್ಪು ನಿಮ್ಮದಲ್ಲ, ಬರೆದವರದು. ಆದರೂ ಗೇಮ್‌ಗೆ ಅಂತ ಇಂಗ್ಲಿಷ್ ಹೆಸರಿನ ಇನ್ನೊಂದು ಯೂಸರ್ ಮಾಡಿ ನೋಡಿ.

ಕೊನೆಗೆ ಲಾಂಚರನ್ನು ಮಾತ್ರ ಹೊಸದಾಗಿ ಹಾಕಿ. ಸ್ಟೀಮ್ ಆದರೆ ಅದರ ಫೋಲ್ಡರ್‌ನಲ್ಲಿ ಸ್ಟೀಮ್‌ಆ್ಯಪ್ಸ್, ಯೂಸರ್‌ಡೇಟಾ ಎಂಬ ಎರಡು ಫೋಲ್ಡರ್ ಮತ್ತು ಸ್ಟೀಮ್ ಎಂಬ ಮೂಲ ಪ್ರೋಗ್ರಾಂ ಬಿಟ್ಟು ಮಿಕ್ಕಿದ್ದನ್ನು ಅಳಿಸಿ, ಮತ್ತೆ ಅದನ್ನೇ ತೆರೆಯಿರಿ. ಉಳಿದದ್ದನ್ನು ತಾನೇ ಇಳಿಸಿಕೊಳ್ಳುತ್ತದೆ. ಗೇಮ್‌ಗಳು ಇದ್ದಲ್ಲೇ ಇರುತ್ತವೆ. ಫಾರ್ಮ್ಯಾಟ್‌ನಿಂದ ಸಿಗುವ ನಿಜವಾದ ಲಾಭ ಏನಾದರೂ ಇದ್ದರೆ ಅದು ಇಷ್ಟೇ, ಮನೆಯಲ್ಲೇ ಬಿಟ್ಟಿ ಸಿಕ್ಕಿತು.

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ, ನನಗೇ ಕೇಳಬೇಕು ಅನ್ನಿಸುತ್ತದೆ. ಲಾಂಚರ್ ನಿಮ್ಮ ಯಂತ್ರವನ್ನು ಕೈಬಿಟ್ಟರೆ ದುಡ್ಡು ಕೊಟ್ಟು ಕೊಂಡ ಗೇಮ್ ಯಾರದು? ಗೇಮ್ ಫೈಲ್‌ಗಳು ನಿಮ್ಮ ಡಿಸ್ಕಿನಲ್ಲೇ ಇವೆ, ಯಂತ್ರಕ್ಕೆ ಅದನ್ನು ಓಡಿಸುವ ಶಕ್ತಿಯೂ ಇದೆ, ಆದರೆ ಲಾಂಚರ್ ಅನುಮತಿ ಇಲ್ಲದೆ ಎಷ್ಟೋ ಗೇಮ್ ಏಳುವುದಿಲ್ಲ. ಆಫ್‌ಲೈನ್ ಮೋಡ್ ಇದೆಯಲ್ಲ ಅನ್ನಬಹುದು. ಅದಕ್ಕೂ ಮೊದಲು ಲಾಂಚರ್ ತೆರೆಯಬೇಕಲ್ಲ! ನಾವು ಕೊಂಡಿದ್ದು ಗೇಮ್ ಅಲ್ಲ, ಆಡಲು ಲೈಸೆನ್ಸ್ ಮಾತ್ರ. 2024ರ ಅಕ್ಟೋಬರ್‌ನಿಂದ ಸ್ಟೀಮ್ ದುಡ್ಡು ಕಟ್ಟುವ ಪುಟದಲ್ಲೇ ಇದನ್ನು ಬರೆದು ತೋರಿಸುತ್ತಿದೆ. ಅದೇ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಮಾರಾಟದಲ್ಲಿ ಹೀಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕಾನೂನು ಬಂತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ.

ಹಳೆಯ ಯಂತ್ರ ಇಟ್ಟುಕೊಂಡವರು ಹಳೆಯ ಗೇಮ್ ಕೊಳ್ಳುವುದಾದರೆ ಜಿಒಜಿ (GOG) ಎಂಬ ಗೇಮ್ ಮಾರುವ ಸೈಟ್ ಕಡೆ ಒಮ್ಮೆ ನೋಡಿ. ಅಲ್ಲಿ ಕೊಂಡ ಗೇಮ್‌ನ ಇನ್‌ಸ್ಟಾಲರನ್ನೇ ಇಳಿಸಿಟ್ಟುಕೊಳ್ಳಬಹುದು, ಲಾಂಚರ್ ಹಾಕಲೇಬೇಕು ಅಂತಿಲ್ಲ. ಒಂದು ಪೆನ್ ಡ್ರೈವ್‌ನಲ್ಲಿ ಇಟ್ಟರೆ ಆಯಿತು.

ಮಗನ ಗೇಮ್ ಎಲ್ಲಿಯವರೆಗೆ ಬಂದಿತ್ತು ಎಂಬ ಸೇವ್ ಫೈಲ್‌ಗಳನ್ನೂ ಮರೆಯಬೇಡಿ. ಸ್ಟೀಮ್‌ನಲ್ಲಿ ಎಷ್ಟೋ ಗೇಮ್‌ಗಳು ಅವನ್ನು ಕ್ಲೌಡ್‌ನಲ್ಲಿ ಇಡುತ್ತವೆ, ಎಲ್ಲವೂ ಇಡುವುದಿಲ್ಲ. ಇಡದವು ಹೆಚ್ಚಾಗಿ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಅಥವಾ ಆ್ಯಪ್‌ಡೇಟಾ ಎಂಬ ಬಚ್ಚಿಟ್ಟ ಫೋಲ್ಡರ್‌ನಲ್ಲಿ ಕೂತಿರುತ್ತವೆ. ವಿಂಡೋಸ್ ಬದಲಾಯಿಸಲೇಬೇಕು ಅಂತಾದರೆ ಅಂಗಡಿಗೆ ಯಂತ್ರ ಹೊತ್ತುಕೊಂಡು ಹೋಗುವ ಮುಂಚೆ ಈ ಎರಡನ್ನೂ ಕಾಪಿ ಮಾಡಿಕೊಳ್ಳಿ. ಡಾಕ್ಯುಮೆಂಟ್ಸ್ ತೆಗೆದಿಡಿ ಅಂದರೆ ಅಂಗಡಿಯವರು ತೆಗೆದಿಡುತ್ತಾರೆ. ಆ್ಯಪ್‌ಡೇಟಾ ಬಗ್ಗೆ ಅವರು ಕೇಳುವುದೂ ಇಲ್ಲ, ನಿಮಗೆ ಹೇಳುವುದೂ ಇಲ್ಲ.