ಫಿಲ್ ಪವರ್: ಡೌನ್ ಪಾರ್ಕಾದ ಮೇಲಿನ ಆ ಅಂಕಿಯ ಅರ್ಥ

ಚಳಿಗಾಲದಲ್ಲಿ ದಿನವೂ ಹಾಕಿಕೊಳ್ಳಲು ಬೆಚ್ಚನೆಯ ಡೌನ್ ಪಾರ್ಕಾ, ಅಂದರೆ ಹಕ್ಕಿಯ ತುಪ್ಪಳ ತುಂಬಿದ, ತಲೆಮುಸುಕು ಇರುವ ಕೋಟು, ಹುಡುಕಲು ಹೊರಟವರಿಗೆ ಬಣ್ಣ, ಉದ್ದ, ಬೆಲೆ ಎಲ್ಲ ನೋಡಿದ ಮೇಲೆ ಎದುರಾಗುವುದು ಒಂದು ಅಂಕಿ: 550, 650, 700, 800. ಕೆಲವು ಕಂಪನಿಗಳು ಅದನ್ನು ಎದ್ದು ಕಾಣುವಂತೆ ತೋಳಿನ ಮೇಲೇ ಹೊಲಿದಿರುತ್ತವೆ. ಅಂಕಿ ಏರಿದಂತೆ ಬೆಲೆಯೂ ಏರುತ್ತದೆ. ಬೆಲೆ ಏರಿದೆ ಎಂದರೆ ಬಿಸಿಯೂ ಹೆಚ್ಚಿರಬೇಕು ಎಂದು ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ. ಆ ಅಂಕಿಯ ಹೆಸರು ಫಿಲ್ ಪವರ್. ಒಳಗೆ ತುಂಬಿರುವ ಡೌನ್ ಎಷ್ಟು ಅರಳಬಲ್ಲದು ಎಂದಷ್ಟೇ ಅದು ಹೇಳುತ್ತದೆ. ಪಾರ್ಕಾ ಎಷ್ಟು ಬೆಚ್ಚಗಿದೆ ಎಂದು ತಿಳಿಯಬೇಕಾದರೆ ಬೇರೆ ಒಂದೆರಡು ಸಂಗತಿಗಳನ್ನು ನೋಡಲೇಬೇಕು. ಲೇಬಲ್ಲಿನಲ್ಲಿ ಅವು ಇಷ್ಟು ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ, ಬಹಳ ಸಲ ಇರುವುದೇ ಇಲ್ಲ.

ಮೊದಲು ಡೌನ್ ಎಂದರೇನು ನೋಡೋಣ. ಬಾತುಕೋಳಿ, ಹೆಬ್ಬಾತುಗಳ ಮೈಮೇಲೆ ಕಾಣುವ ಗರಿಗಳ ಅಡಿಯಲ್ಲಿ, ಮುಖ್ಯವಾಗಿ ಎದೆ ಮತ್ತು ಹೊಟ್ಟೆಯ ಭಾಗದಲ್ಲಿ, ಮೆತ್ತನೆಯ ತುಪ್ಪಳ ಬೆಳೆಯುತ್ತದೆ. ಗರಿಗೆ ನಡುವೆ ಗಟ್ಟಿ ದಂಟು ಇರುತ್ತದೆ, ಈ ತುಪ್ಪಳಕ್ಕೆ ಇಲ್ಲ. ಒಂದು ಪುಟ್ಟ ನಡುಬಿಂದುವಿನಿಂದ ನವಿರಾದ ಎಳೆಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅತ್ತಿತ್ತ ಹರಿಯಲಾರದೆ ನಿಂತುಬಿಡುತ್ತದೆ. ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ದಾಟುತ್ತದೆ. ಪಾರ್ಕಾ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ನಮ್ಮ ಮೈಯ ಶಾಖವೇ ಹೊರಗೆ ಸೋರದಂತೆ ಆ ನಿಂತ ಗಾಳಿ ತಡೆಯುತ್ತದೆ. ಹಿಂಜಿದ ಹತ್ತಿ ಮತ್ತು ಮೂಟೆಯಲ್ಲಿ ಒತ್ತಿ ತುರುಕಿದ ಹತ್ತಿ ನೆನೆಸಿಕೊಳ್ಳಿ: ತೂಕ ಒಂದೇ, ಜಾಗ ಬೇರೆ. ಡೌನಿನ ಗುಣವನ್ನು ಅಳೆಯುವುದು ಈ ಜಾಗದ ಲೆಕ್ಕದಲ್ಲೇ.

ಅಳೆಯುವ ಕ್ರಮ ಸರಳ. ಒಂದು ಔನ್ಸ್, ಅಂದರೆ 28 ಗ್ರಾಮಿಗೆ ಕೊಂಚ ಹೆಚ್ಚು ಡೌನನ್ನು ಪಾರದರ್ಶಕ ಕೊಳವೆಯೊಳಗೆ ಹಾಕುತ್ತಾರೆ. ಮೇಲೆ ಗೊತ್ತುಪಡಿಸಿದ ತೂಕದ ಒಂದು ಬಿಲ್ಲೆ ಇಳಿಬಿಡುತ್ತಾರೆ. ಆ ಭಾರದ ಅಡಿಯಲ್ಲೂ ಡೌನ್ ಎಷ್ಟು ಘನ ಇಂಚು ಜಾಗ ಹಿಡಿದುಕೊಂಡು ನಿಲ್ಲುತ್ತದೋ ಅದೇ ಅದರ ಫಿಲ್ ಪವರ್. 650 ಎಂದರೆ ಒಂದು ಔನ್ಸ್ ಡೌನ್ 650 ಘನ ಇಂಚು, ಸುಮಾರು ಹತ್ತೂವರೆ ಲೀಟರ್ ಜಾಗ ತುಂಬುತ್ತದೆ. 800 ಎಂದರೆ ಸುಮಾರು 13 ಲೀಟರ್. ಪರೀಕ್ಷೆಗೆ ಮುಂಚೆ ಡೌನಿಗೆ ಹಬೆ ಹಾಯಿಸಿ, ಒಣಗಿಸಿ, ಪೂರ್ತಿ ಅರಳಿಸಿಕೊಳ್ಳುವ ರೂಢಿಯಿದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಮಡಚಿ ಕುಳಿತಿದ್ದ ಪಾರ್ಕಾದೊಳಗಿನ ಡೌನ್ ಆ ಮಟ್ಟಕ್ಕೆ ಅರಳಿರುವುದಿಲ್ಲ. ಪರೀಕ್ಷೆಯ ವಿಧಾನವೂ ಎಲ್ಲ ಕಡೆ ಒಂದೇ ಆಗಿಲ್ಲ. ಆದ್ದರಿಂದ ಒಂದು ಕಂಪನಿಯ 650ಕ್ಕೂ ಇನ್ನೊಂದರ 700ಕ್ಕೂ ನಡುವೆ ಇರುವ ಅಂತರಕ್ಕೆ ಬಹಳ ತಲೆಕೆಡಿಸಿಕೊಳ್ಳಬೇಕಿಲ್ಲ.

ಈ ಅಳತೆಯಲ್ಲಿ ಒಂದು ಔನ್ಸ್ ಎಂಬುದು ಪರೀಕ್ಷೆಯ ತೂಕ ಮಾತ್ರ. ನಿಮ್ಮ ಪಾರ್ಕಾದಲ್ಲಿ ಎಷ್ಟು ಔನ್ಸ್ ತುಂಬಿದ್ದಾರೆ? ಅದಕ್ಕೆ ಫಿಲ್ ವೆಯ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಗ್ರಾಮಿನಲ್ಲಿ ಹೇಳುತ್ತಾರೆ, ಕೇಳಿದರೆ ಮಾತ್ರ ಹೇಳುವವರೂ ಇದ್ದಾರೆ. ಫಿಲ್ ಪವರ್ ಮತ್ತು ಫಿಲ್ ವೆಯ್ಟ್ ಎರಡನ್ನೂ ಗುಣಿಸಿದಾಗಲೇ ಪಾರ್ಕಾದೊಳಗೆ ಎಷ್ಟು ಗಾಳಿ ನಿಲ್ಲುತ್ತದೆ ಎಂಬ ಅಂದಾಜು ಸಿಗುವುದು. ಒಂದು ಪಾರ್ಕಾದಲ್ಲಿ 800ರ ಡೌನ್ 150 ಗ್ರಾಂ ಇದೆ ಎಂದಿಟ್ಟುಕೊಳ್ಳಿ. ಗ್ರಾಮಿಗೆ ಸುಮಾರು 28 ಘನ ಇಂಚಿನಂತೆ ಒಟ್ಟು ಸುಮಾರು 4,200 ಘನ ಇಂಚು. ಪಕ್ಕದ ಪಾರ್ಕಾದಲ್ಲಿ 550ರ ಡೌನ್ 250 ಗ್ರಾಂ. ಗ್ರಾಮಿಗೆ 19 ಚಿಲ್ಲರೆಯಂತೆ ಒಟ್ಟು ಸುಮಾರು 4,850. ಹೊಲಿಗೆ, ಅಳತೆ ಎಲ್ಲ ಒಂದೇ ತರಹ ಇದ್ದರೆ ಎರಡನೆಯದೇ ಹೆಚ್ಚು ಬೆಚ್ಚಗಿರುತ್ತದೆ. ತೋಳಿನ ಮೇಲಿನ ಅಂಕಿ ಮಾತ್ರ ಮೊದಲನೆಯದನ್ನು ಹೊಗಳುತ್ತಿರುತ್ತದೆ.

ಹಾಗಾದರೆ 800ಕ್ಕೆ ಹೆಚ್ಚು ದುಡ್ಡು ಕೊಡುವವರು ಮೋಸ ಹೋಗುತ್ತಿದ್ದಾರೆಯೇ? ಇಲ್ಲ. ಅಷ್ಟೇ ಬಿಸಿಯನ್ನು ಕಡಿಮೆ ತೂಕದಲ್ಲಿ ಪಡೆಯುತ್ತಾರೆ, ಮಡಚಿದಾಗ ಅದು ಚಿಕ್ಕದಾಗುತ್ತದೆ. ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ ಹತ್ತುವವರಿಗೆ ಒಂದೊಂದು ಗ್ರಾಮೂ ಲೆಕ್ಕವೇ. 1922ರ ಎವರೆಸ್ಟ್ ಯಾತ್ರೆಗೆ ಜಾರ್ಜ್ ಫಿಂಚ್ ಎಂಬ ಪರ್ವತಾರೋಹಿ ಬಲೂನಿನ ಬಟ್ಟೆಯಲ್ಲಿ ಈಡರ್ ಬಾತಿನ ಡೌನ್ ತುಂಬಿಸಿ ಕೋಟು ಹೊಲಿಸಿಕೊಂಡು ಹೋದಾಗ ಟ್ವೀಡ್, ಉಣ್ಣೆ ತೊಟ್ಟ ಜೊತೆಗಾರರಿಗೆ ಅದು ವಿಚಿತ್ರವಾಗಿ ಕಂಡಿತ್ತು. ಹಗುರವಾಗಿರುವುದು ಎಷ್ಟು ದೊಡ್ಡ ಅನುಕೂಲ ಎಂಬುದು ಅಲ್ಲಿ ಮೇಲೆ ಹೋದ ಮೇಲೆ ಗೊತ್ತಾಯಿತು. ಕೆಲಸಕ್ಕೆ ಹೋಗಿಬರಲು ತೊಡುವ ಪಾರ್ಕಾ ಒಂದೋ ಮೈಮೇಲಿರುತ್ತದೆ, ಇಲ್ಲ ಬಾಗಿಲ ಹಿಂದಿನ ಗೂಟಕ್ಕೆ ನೇತಾಡುತ್ತಿರುತ್ತದೆ. ಅದನ್ನು ಯಾರೂ ಚೀಲದಲ್ಲಿ ತುರುಕಿ ಬೆಟ್ಟಕ್ಕೆ ಒಯ್ಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಿತ್ಯದ ಬಳಕೆಗೆ 600ರಿಂದ 700 ಧಾರಾಳವಾಯಿತು. ಉಳಿದ ದುಡ್ಡನ್ನು ಒಳ್ಳೆಯ ಹೊರಬಟ್ಟೆ, ಒಳ್ಳೆಯ ಜಿಪ್ ಇರುವ ಪಾರ್ಕಾಕ್ಕೆ ಹಾಕುವುದು ವಾಸಿ. ಒಂದು ವಿನಾಯಿತಿ ಇದೆ: ಮೊಣಕಾಲಿನವರೆಗೆ ಇಳಿಯುವ ಪಾರ್ಕಾ ಹೊತ್ತು ದಿನವಿಡೀ ಓಡಾಡಿದರೆ ಭುಜ, ಕತ್ತು ನೋಯುವವರಿಗೆ ತೂಕ ಕಡಿಮೆಯಾದಷ್ಟೂ ಒಳ್ಳೆಯದು. ಅವರು 800 ಕೊಳ್ಳಲಿ.

ಲೇಬಲ್ಲಿನಲ್ಲಿ 80/20 ಅಥವಾ 90/10 ಎಂಬ ಇನ್ನೊಂದು ಜೋಡಿ ಅಂಕಿ ಇರುತ್ತದೆ. ಅದು ಡೌನಿಗೂ ಗರಿಗೂ ಇರುವ ತೂಕದ ಪ್ರಮಾಣ. ಗರಿ ಹೆಚ್ಚಿದಷ್ಟೂ ಅರಳುವುದು ಕಡಿಮೆ, ದಂಟಿನ ಚೂಪು ತುದಿ ಬಟ್ಟೆಯಿಂದ ಹೊರಗೆ ಇಣುಕುವುದು ಹೆಚ್ಚು. ಹೆಬ್ಬಾತಿನ ಡೌನೇ ಮೇಲು, ಬಾತುಕೋಳಿಯದು ಕೀಳು ಎಂಬ ಮಾತು ಅರ್ಧ ಸತ್ಯ. ಚೆನ್ನಾಗಿ ಬಲಿತ ಬಾತುಕೋಳಿಯ ಡೌನ್ ಎಳೆಯ ಹೆಬ್ಬಾತಿನದನ್ನು ಮೀರಿಸಬಲ್ಲದು. ಅತ್ಯಂತ ಹೆಚ್ಚಿನ ಅಂಕಿಗಳು ಸಾಮಾನ್ಯವಾಗಿ ಹೆಬ್ಬಾತಿನದೇ ಎಂಬುದೂ ನಿಜ. ಈಡರ್ ಡೌನಿನ ಕತೆಯೇ ಬೇರೆ. ಐಸ್‌ಲ್ಯಾಂಡಿನಲ್ಲಿ ಈಡರ್ ಹಕ್ಕಿ ತನ್ನ ಎದೆಯ ತುಪ್ಪಳ ಕಿತ್ತು ಗೂಡಿಗೆ ಹಾಸುತ್ತದೆ, ಜನ ಅದನ್ನು ಗೂಡಿನಿಂದ ಆರಿಸಿ ತರುತ್ತಾರೆ. ಒಂದು ಕಿಲೋ ಆಗಲು ಸುಮಾರು 60 ಗೂಡು ಬೇಕು. ನಿತ್ಯ ತೊಡುವ ಪಾರ್ಕಾದಲ್ಲಿ ಅದು ಸಿಗುತ್ತದೆಂದು ಕಾಯಬೇಡಿ. ಡೌನ್ ಎಲ್ಲಿಂದ ಬಂತು ಎಂಬ ಚಿಂತೆ ಇರುವವರು ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಎಂಬ ಗುರುತು ನೋಡಬಹುದು. 2014ರಲ್ಲಿ ಬಂದ ಈ ಮಾನದಂಡ ಜೀವಂತ ಹಕ್ಕಿಯಿಂದ ಗರಿ ಕೀಳುವುದನ್ನೂ ಬಲವಂತವಾಗಿ ಮೇವು ತುರುಕುವುದನ್ನೂ ನಿಷೇಧಿಸುತ್ತದೆ. ಬಿಸಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಹೊಲಿಗೆ. ಅರಳುವ ಶಕ್ತಿ ಇದ್ದರೆ ಸಾಲದು, ಅರಳಲು ಜಾಗ ಬೇಕು. ಡೌನ್ ಒಂದೇ ಕಡೆ ಜಾರಿ ಗುಡ್ಡೆಯಾಗದಂತೆ ಪಾರ್ಕಾವನ್ನು ಅಂಕಣ ಅಂಕಣವಾಗಿ ಹೊಲಿದಿರುತ್ತಾರೆ. ಅಗ್ಗದ ದಾರಿಯೆಂದರೆ ಹೊರಬಟ್ಟೆ, ಒಳಬಟ್ಟೆ ಎರಡನ್ನೂ ಸೇರಿಸಿ ನೇರ ಹೊಲಿದುಬಿಡುವುದು. ಹೊಲಿಗೆ ಹಾದ ಗೆರೆಯುದ್ದಕ್ಕೂ ಡೌನ್ ಇರುವುದಿಲ್ಲ, ಚಳಿ ಅಲ್ಲಿಂದಲೇ ಒಳಬರುತ್ತದೆ. ಇನ್ನೊಂದು ಕ್ರಮದಲ್ಲಿ ಎರಡು ಬಟ್ಟೆಗಳ ನಡುವೆ ಸಣ್ಣ ಅಡ್ಡಗೋಡೆಯಂತೆ ಪಟ್ಟಿ ಕೊಟ್ಟು ಪೆಟ್ಟಿಗೆಯಾಕಾರದ ಅಂಕಣ ಮಾಡುತ್ತಾರೆ. ಕೆಲಸ ಜಾಸ್ತಿ, ಬೆಲೆ ಜಾಸ್ತಿ, ಆದರೆ ಚಳಿಗೆರೆ ಇರುವುದಿಲ್ಲ. ನೇರ ಹೊಲಿಗೆಯ ಡೌನ್ ಪದರದ ಮೇಲೆ ಇನ್ನೊಂದು ಅಖಂಡ ಹೊರಬಟ್ಟೆ ಹೊದಿಸಿದ ಪಾರ್ಕಾಗಳೂ ಇವೆ. ಗಾಳಿ ತಡೆಯುವುದರಿಂದ ನಿತ್ಯದ ಬಳಕೆಗೆ ಅವು ಸಾಕಷ್ಟು ಚೆನ್ನಾಗಿವೆ.

ಹೆಂಗಸರ ಪಾರ್ಕಾದಲ್ಲಿ ಇದು ಇನ್ನೂ ಮುಖ್ಯ. ದಪ್ಪ ಕಾಣಬಾರದು ಎಂದು ಅಂಕಣಗಳನ್ನು ಕಿರಿದು ಮಾಡಿ, ಸೊಂಟದ ಬಳಿ ಹೊಲಿಗೆ ಒತ್ತೊತ್ತಾಗಿ ಹಾಕಿ, ಮೇಲೊಂದು ಬೆಲ್ಟು ಬಿಗಿಯುವ ವಿನ್ಯಾಸಗಳು ಬೇಕಾದಷ್ಟಿವೆ. ಪ್ರತಿ ಹೆಚ್ಚುವರಿ ಹೊಲಿಗೆಯೂ ಡೌನಿನ ಜಾಗ ಕಸಿಯುತ್ತದೆ, ಬೆಲ್ಟು ಬಿಗಿದ ಕಡೆ ಡೌನ್ ಚಪ್ಪಟೆಯಾಗುತ್ತದೆ. 800 ತುಂಬಿ ಹೀಗೆ ಅದುಮುವುದಾದರೆ ಆ 800 ಯಾರ ಉಪಯೋಗಕ್ಕೆ? ಅಂದಕ್ಕೂ ಉಬ್ಬಿಗೂ ಹುಟ್ಟುಜಗಳವೇನೂ ಇಲ್ಲ. ಚಾರ್ಲ್ಸ್ ಜೇಮ್ಸ್ ಎಂಬ ವಿನ್ಯಾಸಕ 1937ರಲ್ಲೇ ಬಿಳಿ ಸ್ಯಾಟಿನ್ನಿನಲ್ಲಿ ಡೌನ್ ತುಂಬಿ ಸಂಜೆ ಕೂಟಕ್ಕೆ ತೊಡುವ ಹೆಂಗಸರ ಜಾಕೆಟ್ ಮಾಡಿದ್ದರು. ಅದರ ಸೊಗಸೆಲ್ಲ ಅದರ ಉಬ್ಬಿನಲ್ಲೇ ಇತ್ತು. ಸೊಂಟ ಕಾಣಬೇಕೆಂದಿದ್ದರೆ ಹೊರ ಬೆಲ್ಟಿಗಿಂತ ಒಳಗಿನಿಂದ ಎಳೆದುಕೊಳ್ಳುವ ದಾರವೇ ವಾಸಿ. ಬೇಕಾದಾಗ ಬಿಗಿ, ಚಳಿ ಏರಿದಾಗ ಸಡಿಲ.

ಅಂಗಡಿಯಲ್ಲಿ ತೊಟ್ಟು ನೋಡುವಾಗ ಒಳಗೆ ದಪ್ಪ ಸ್ವೆಟರ್ ಇರಲಿ. ಕೈ ಮೇಲೆತ್ತಿದಾಗ, ಮುಂದೆ ಚಾಚಿದಾಗ ಬೆನ್ನ ಬಳಿ ಬಟ್ಟೆ ಬಿಗಿದರೆ ಅಲ್ಲಿ ಡೌನ್ ಅಪ್ಪಚ್ಚಿಯಾಗುತ್ತಿದೆ ಎಂದು ಅರ್ಥ. ಹಾಗೆಂದು ಎರಡು ಅಳತೆ ದೊಡ್ಡದು ತೆಗೆದುಕೊಂಡರೆ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಸೊಂಟದಿಂದ ಕೆಳಗೆ ತೊಡೆಯ ಅರ್ಧದವರೆಗಾದರೂ ಇಳಿಯಲಿ, ಕೂತಾಗ ಕೆಳಗಿನಿಂದ ಬಿಚ್ಚಿಕೊಳ್ಳುವಂತೆ ಎರಡು ಕಡೆಯಿಂದ ಎಳೆಯುವ ಜಿಪ್ ಇರಲಿ. ಇಲ್ಲದಿದ್ದರೆ ಬಸ್ಸಿನ ಸೀಟಿನಲ್ಲಿ, ಕಾರಿನಲ್ಲಿ ಕೂರುವುದೇ ಕಷ್ಟ. ಜಿಪ್ಪಿನ ಹಿಂದೆ ಗಾಳಿ ತಡೆಯುವ ಪಟ್ಟಿ, ಮಣಿಕಟ್ಟಿಗೆ ಅಂಟಿ ಕೂರುವ ಹಿಗ್ಗುವ ಪಟ್ಟಿ ಎರಡನ್ನೂ ಬೆರಳು ಹಾಕಿ ನೋಡಿ. ಇವಿಲ್ಲದ ಪಾರ್ಕಾದ ಫಿಲ್ ಪವರ್ ಎಷ್ಟಿದ್ದರೂ ಬಿಸಿ ಸೋರಿಹೋಗುತ್ತದೆ.

ಹುಡ್, ಅಂದರೆ ಕೋಟಿನ ತಲೆಮುಸುಕಿನ ಬಗ್ಗೆ ಎರಡು ಮಾತು, ಏಕೆಂದರೆ ಪಾರ್ಕಾವನ್ನು ಪಾರ್ಕಾ ಮಾಡುವುದೇ ಅದು. ಈ ಉಡುಪು ಆರ್ಕ್ಟಿಕ್ ಜನರದ್ದು. ಅವರು ಕ್ಯಾರಿಬೂ, ಸೀಲ್ ಚರ್ಮದಲ್ಲಿ ಹೊಲಿಯುತ್ತಿದ್ದರು. ಇನುಯಿಟ್ ತಾಯಂದಿರ ಅಮೌತಿ ಎಂಬ ಪಾರ್ಕಾದಲ್ಲಿ ಬೆನ್ನ ಮೇಲೆ, ಹುಡ್‌ನ ಕೆಳಗೆ, ಕೂಸನ್ನು ಕೂರಿಸಿಕೊಳ್ಳುವ ಚೀಲವೇ ಇರುತ್ತದೆ. ಅಮ್ಮನ ಮೈಬಿಸಿಯಲ್ಲೇ ಕೂಸೂ ಬೆಚ್ಚಗಿರುತ್ತದೆ. ಹುಡ್‌ನ ಅಂಚಿನ ತುಪ್ಪಳ ಅಲಂಕಾರವಲ್ಲ, ಮುಖದ ಮುಂದೆ ಗಾಳಿಯ ವೇಗ ಮುರಿದು ಅಲ್ಲೊಂದಿಷ್ಟು ನಿಂತ ಗಾಳಿ ಉಳಿಸುವುದಕ್ಕೆ ಅದು ಇರುವುದು. ನೀವು ಕೊಳ್ಳುವ ಪಾರ್ಕಾದಲ್ಲಿ ಹುಡ್ ಒಳಗೂ ಡೌನ್ ಇದೆಯೇ, ಟೋಪಿ ಹಾಕಿಕೊಂಡ ತಲೆ ಅದರಲ್ಲಿ ಹಿಡಿಯುತ್ತದೆಯೇ, ಕತ್ತು ತಿರುಗಿಸಿದಾಗ ಜೊತೆಗೆ ತಿರುಗುತ್ತದೆಯೇ ಅಥವಾ ಕಣ್ಣಿಗೆ ಅಡ್ಡ ಬರುತ್ತದೆಯೇ ನೋಡಿಕೊಳ್ಳಿ. ರಸ್ತೆ ದಾಟುವಾಗ ಕಣ್ಣು ಮುಚ್ಚುವ ಹುಡ್ ಅಪಾಯ.

ಕೆಲವು ಪಾರ್ಕಾಗಳ ಮೇಲೆ ಮೈನಸ್ 20, ಮೈನಸ್ 30 ಎಂದು ಬರೆದಿರುತ್ತಾರೆ. ಸಾಮಾನ್ಯ ಜಾಕೆಟ್ಟುಗಳ ಈ ಅಂಕಿಗೆ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ಮಾನದಂಡವಿಲ್ಲ, ಆಯಾ ಕಂಪನಿಯದೇ ಲೆಕ್ಕ. ಮಲಗುಚೀಲಗಳಿಗೆ ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿ ಹಿತವೆನಿಸುವ ತಾಪಮಾನವನ್ನು ಸರಾಸರಿ ಹೆಣ್ಣಿನ ಮೈಗೆ, ಸಹಿಸಬಹುದಾದ ಕೆಳಮಿತಿಯನ್ನು ಸರಾಸರಿ ಗಂಡಿನ ಮೈಗೆ ಲೆಕ್ಕ ಹಾಕುತ್ತಾರೆ. ಒಂದೇ ಚೀಲಕ್ಕೆ ಹಲವು ಡಿಗ್ರಿ ಅಂತರದ ಎರಡು ಅಂಕಿ. ಪಾರ್ಕಾ ಮಾರುವವರು ಇಂಥ ಭೇದವನ್ನೇನೂ ಹೇಳುವುದಿಲ್ಲ. ನೀವು ನಡೆಯುತ್ತಲೇ ಇರುತ್ತೀರೋ, ಬಸ್ಸಿಗಾಗಿ ಅರ್ಧ ಗಂಟೆ ನಿಲ್ಲುತ್ತೀರೋ ಎಂಬುದೂ ಅವರಿಗೆ ಗೊತ್ತಿಲ್ಲ. ನಿಂತಾಗ ಮೈ ಹುಟ್ಟಿಸುವ ಶಾಖ ನಡೆಯುವಾಗಿನದಕ್ಕಿಂತ ಬಹಳ ಕಡಿಮೆ. ನಿಲ್ಲುವವರು ಫಿಲ್ ವೆಯ್ಟ್ ಹೆಚ್ಚಿರುವುದನ್ನು ಆರಿಸಬೇಕು. ಚುರುಕಾಗಿ ನಡೆದು ಬಿಸಿ ಬಿಸಿ ಕಟ್ಟಡದೊಳಗೆ ಹೋಗುವವರಿಗೆ ಅದೇ ಪಾರ್ಕಾ ಬೆವರಿಳಿಸುತ್ತದೆ.

ಬೆವರು, ಮಳೆ ಎರಡೂ ಡೌನಿಗೆ ಆಗಿಬರುವುದಿಲ್ಲ. ಒದ್ದೆಯಾದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ, ನಿಂತ ಗಾಳಿಗೆ ಜಾಗವೇ ಉಳಿಯುವುದಿಲ್ಲ, ಕೊಳವೆಯಲ್ಲಿ ಅಳೆದ ಅಂಕಿ ಅಲ್ಲಿಗೆ ಲೆಕ್ಕಕ್ಕಿಲ್ಲ. ಮೈನಸ್ 15ರ ಒಣ ಚಳಿಯಲ್ಲಿ ಡೌನಿಗೆ ಸಾಟಿಯಿಲ್ಲ. ಸೊನ್ನೆಯ ಆಸುಪಾಸಿನಲ್ಲಿ ಮಳೆ ಹಿಮ ಎರಡೂ ಬೆರೆತು ಸುರಿಯುವ ಊರಿನಲ್ಲಿದ್ದರೆ ನೀರು ತಡೆಯುವ ಹೊರಬಟ್ಟೆ ಇರುವ ಪಾರ್ಕಾವನ್ನೇ ಕೊಳ್ಳಿ, ಇಲ್ಲವೇ ಡೌನ್ ಆಸೆ ಬಿಟ್ಟು ಕೃತಕ ನಾರು ತುಂಬಿದ್ದನ್ನು ಕೊಳ್ಳಿ. ನೀರು ಹತ್ತದಂತೆ ಸಂಸ್ಕರಿಸಿದ ಡೌನೂ ಬಂದಿದೆ. ಅದು ತುಂತುರನ್ನು ಹೆಚ್ಚು ಹೊತ್ತು ತಾಳುತ್ತದೆ ಅಷ್ಟೇ, ಜಡಿಮಳೆಯನ್ನಲ್ಲ.

ಒಂದೆರಡು ಚಳಿಗಾಲ ಕಳೆದ ಮೇಲೆ ಪಾರ್ಕಾ ತೆಳ್ಳಗಾದಂತೆ ಕಂಡರೆ ಡೌನ್ ಸತ್ತಿದೆ ಎಂದು ಎಸೆಯಬೇಡಿ. ಮೈಯ ಎಣ್ಣೆ, ಕೊಳೆ ಅಂಟಿ ಎಳೆಗಳು ಮುದುರಿರುತ್ತವೆ. ಡೌನಿಗೆಂದೇ ಸಿಗುವ ಸೋಪಿನ ದ್ರಾವಣ ಹಾಕಿ, ಮುಂದಿನಿಂದ ಬಟ್ಟೆ ತುಂಬುವ ಯಂತ್ರದಲ್ಲಿ ಒಗೆದು, ಕಡಿಮೆ ಬಿಸಿಯ ಡ್ರೈಯರಿನಲ್ಲಿ ಒಂದೆರಡು ಟೆನಿಸ್ ಚೆಂಡುಗಳ ಜೊತೆ ತಿರುಗಿಸಿದರೆ ಬಹುಪಾಲು ಉಬ್ಬು ಮರಳುತ್ತದೆ. ಹಲವು ಗಂಟೆ ಹಿಡಿಯುವ ಕೆಲಸ. ಮುಟ್ಟಿದಾಗ ಅಂಕಣದೊಳಗೆ ಸಣ್ಣ ಗಂಟುಗಳು ಕೈಗೆ ತಾಕಿದರೆ ಒಳಗಿನ್ನೂ ಪಸೆ ಇದೆ, ಮತ್ತೊಂದು ಸುತ್ತು ತಿರುಗಿಸಬೇಕು. ಬೇಸಿಗೆಯಲ್ಲಿ ಅದನ್ನು ಚೀಲದೊಳಗೆ ಒತ್ತಿ ಕಟ್ಟಿಡದೆ ಅಗಲವಾದ ಹ್ಯಾಂಗರಿಗೆ ನೇತುಹಾಕಿ.