ಲೆಬ್‌ಕುಖೆನ್ ಉಬ್ಬುವುದು ಹೇಗೆ?

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಜರ್ಮನಿಯ ಮನೆಗಳಲ್ಲಿ ಲೆಬ್‌ಕುಖೆನ್ ಎಂಬ ಮಸಾಲೆ ಬಿಸ್ಕತ್ತಿನ ಘಮ. ನ್ಯೂರೆಂಬರ್ಗ್ ಇದಕ್ಕೆ ಹೆಸರುವಾಸಿ. ಊರಿನ ಸುತ್ತಲಿನ ಕಾಡಲ್ಲಿ ಜೇನು ಧಾರಾಳವಾಗಿತ್ತು. ಅಲ್ಲಿನ ಜೇನು ಸಾಕುವವರಿಗೆ ರಾಜ ನಾಲ್ಕನೇ ಚಾರ್ಲ್ಸ್ 1350ರಲ್ಲಿ ವಿಶೇಷ ಹಕ್ಕುಗಳನ್ನೇ ಕೊಟ್ಟಿದ್ದ. ನಮ್ಮ ಪಶ್ಚಿಮ ಘಟ್ಟದ ಕಡೆಯ ಮೆಣಸು, ಏಲಕ್ಕಿ ವೆನಿಸ್ ದಾಟಿ ಇಲ್ಲಿನ ವ್ಯಾಪಾರಿಗಳ ಕೈಸೇರುತ್ತಿದ್ದವು.

ಮಸಾಲೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಈ ಹಿಟ್ಟು ಉಬ್ಬುವ ಬಗೆ. ಹಳೆಯ ಕ್ರಮದಲ್ಲಿ ಯೀಸ್ಟೂ ಇಲ್ಲ, ಬೇಕಿಂಗ್ ಪೌಡರೂ ಇಲ್ಲ. ಪೊಟ್ಯಾಶ್ ಮತ್ತು ಜಿಂಕೆಕೊಂಬಿನ ಉಪ್ಪು, ಇವೆರಡದ್ದೇ ಕೆಲಸ.

ಪೊಟ್ಯಾಶ್ ಅಂದರೆ ಪೊಟ್ಯಾಸಿಯಂ ಕಾರ್ಬೊನೇಟ್. ಹಿಂದೆ ಕಟ್ಟಿಗೆಯ ಬೂದಿಯನ್ನು ನೀರಲ್ಲಿ ಕದಡಿ, ತಿಳಿಯನ್ನು ಬತ್ತಿಸಿ ತೆಗೆಯುತ್ತಿದ್ದರು. ಹುಳಿ ತಾಗಿದರೇ ಇದು ಇಂಗಾಲದ ಡೈಆಕ್ಸೈಡ್ ಬಿಡುವುದು. ಜೇನಿನಲ್ಲಿ ಸ್ವಲ್ಪ ಹುಳಿ ಇದ್ದೇ ಇದೆ. ಅದರ ಮೇಲೆ, ಜೇನು-ಹಿಟ್ಟು ಕಲಸಿ ವಾರಗಟ್ಟಲೆ ತಣ್ಣಗಿನ ಜಾಗದಲ್ಲಿ ಇಡುತ್ತಾರೆ. ಆಗ ಲ್ಯಾಕ್ಟಿಕ್ ಆಮ್ಲವೂ ಹುಟ್ಟುತ್ತದೆ, ಮೊಸರಿನಲ್ಲಿರುವುದೇ. ಪೊಟ್ಯಾಶ್ ಬಿಸ್ಕತ್ತನ್ನು ಅಗಲಕ್ಕೆ ಹರಡಿಸುತ್ತದೆ.

ಮೇಲಕ್ಕೆ ಎತ್ತುವುದು ಕೊಂಬಿನ ಉಪ್ಪು. ಮೊದಲು ಇದನ್ನು ನಿಜವಾಗಿಯೂ ಕೊಂಬುಗಳನ್ನು ಕಾಸಿಯೇ ತೆಗೆಯುತ್ತಿದ್ದರು. ಈಗಿನದು ಕಾರ್ಖಾನೆಯಲ್ಲಿ ತಯಾರಾಗುವ ಅಮೋನಿಯಂ ಲವಣ. ಇದೇ ಜಾತಿಯ ಲವಣ ನಮ್ಮ ಬೇಕರಿ ಬಿಸ್ಕತ್ತುಗಳಿಗೂ ಬೀಳುತ್ತದೆ. ಇದಕ್ಕೆ ಹುಳಿ ಬೇಕಿಲ್ಲ, ಬಿಸಿ ಸಾಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಡೆದು ಅಮೋನಿಯ, ಇಂಗಾಲದ ಡೈಆಕ್ಸೈಡ್, ನೀರಾವಿ ಆಗುತ್ತದೆ. ಮೂರೂ ಹಾರಿಹೋಗುವಂಥವು. ಹಾಗಾಗಿ ಸೋಡಾದ ಹಾಗೆ ನಾಲಿಗೆಗೆ ಉಪ್ಪುಪ್ಪು ರುಚಿ ಉಳಿಯುವುದಿಲ್ಲ.

ಓವನ್ ಬಾಗಿಲು ತೆಗೆದಾಗ ಮಾತ್ರ ಮೂಗಿಗೆ ಘಾಟು ರಪ್ಪನೆ ಹೊಡೆಯುತ್ತದೆ. ಗಾಬರಿ ಬೇಡ, ಕಿಟಕಿ ತೆರೆದಿಡಿ. ಬಿಸ್ಕತ್ತು ಆರುವಷ್ಟರಲ್ಲಿ ವಾಸನೆ ಹೋಗಿರುತ್ತದೆ. ಆದರೆ ಅಮೋನಿಯಕ್ಕೆ ನೀರೆಂದರೆ ಬಲು ಪ್ರೀತಿ. ದಪ್ಪನೆಯ, ಒದ್ದೆ ಕೇಕಿಗೆ ಹಾಕಿದರೆ ಒಳಗಿನ ನೀರಲ್ಲೇ ಕರಗಿ ಕೂತುಬಿಡುತ್ತದೆ. ಅದಕ್ಕೇ ತೆಳ್ಳಗೆ, ಅರ್ಧ ಸೆಂಟಿಮೀಟರ್‌ನಷ್ಟು ಲಟ್ಟಿಸಬೇಕು. ಹಸಿ ಹಿಟ್ಟಿನ ರುಚಿ ನೋಡಲು ಹೋಗಬೇಡಿ.

ಬೆಂದ ಮೇಲೆ ಕಲ್ಲಿನಂತೆ ಗಟ್ಟಿಯಾಯಿತೇ? ಅದು ಸಹಜ. ಡಬ್ಬಿಯಲ್ಲಿ ಒಂದು ಹೋಳು ಸೇಬಿನ ಜೊತೆ ಮುಚ್ಚಿಡಿ. ಜೇನಿನ ಫ್ರಕ್ಟೋಸ್ ಸಕ್ಕರೆ ತೇವವನ್ನು ಎಳೆದುಕೊಳ್ಳುತ್ತದೆ, ಕೆಲವು ದಿನಗಳಲ್ಲಿ ಬಿಸ್ಕತ್ತು ಮೆತ್ತಗಾಗುತ್ತದೆ. ಸೇಬಿನ ಹೋಳನ್ನು ಆಗಾಗ ಬದಲಿಸುತ್ತಿರಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.